ನೀರು ಯಾರು ತರ್ತಾರೆ ಅಂತ ಕೇಳಲು ಹೋಗಿ

ಮನೆಗೆ ನೀರು ಯಾರು ತರ್ತಾರೆ ಅಂತ ಕೇಳಿ ಹಳ್ಳಿಯೊಂದರಲ್ಲಿ ನಾವು ಫಾರಂ ಹಂಚಿದ್ದೆವು. ವಾಪಸ್ ಬಂದ 38 ಫಾರಂಗಳಲ್ಲಿ 6 ಫಾರಂಗಳ ಕೈಬರಹ ಒಂದೇ ಆಗಿತ್ತು. ದುಂಡಗಿನ, ಕಾಪಿ ಪುಸ್ತಕದಂಥ ಅಕ್ಷರ. ವಿಚಾರಿಸಿದರೆ, ಆ ಬೀದಿಯ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಮನೆಯದ್ದರ ಜೊತೆ ಅಕ್ಕಪಕ್ಕದ ಮನೆಗಳದ್ದನ್ನೂ ತುಂಬಿಕೊಟ್ಟಿದ್ದಳು. ಕೆಲವನ್ನು ಆ ಮನೆಯವರನ್ನು ಕೇಳಿ ಬರೆದಿದ್ದಳಂತೆ. ಉಳಿದವಕ್ಕೆ ಅವಳ ಉತ್ತರ: "ನಂಗೇ ಗೊತ್ತಲ್ವಾ ಮಿಸ್."

ನಾನು ಮಂಡ್ಯ ಜಿಲ್ಲೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬಿ.ಎ. ಮೊದಲ ವರ್ಷದವರಿಗೆ ಸಮಾಜಶಾಸ್ತ್ರ ಹೇಳಿಕೊಡುತ್ತೇನೆ. ಪ್ರಶ್ನಾವಳಿಗೂ ಅನುಸೂಚಿಗೂ ಏನು ವ್ಯತ್ಯಾಸ ಅಂತ ಪ್ರತಿ ವರ್ಷ ನೋಟ್ಸ್ ಬರೆಸುತ್ತೇನೆ. ಪ್ರಶ್ನಾವಳಿಯನ್ನು ಉತ್ತರ ಕೊಡುವವರೇ ತುಂಬುತ್ತಾರೆ, ಅನುಸೂಚಿಯನ್ನು ಸಂಶೋಧಕರು ಕೇಳಿ ಕೇಳಿ ತುಂಬುತ್ತಾರೆ. ಪರೀಕ್ಷೆಗೆ ಖಂಡಿತ ಬರುವ ಪ್ರಶ್ನೆ. ಆದರೆ ಆ ವ್ಯತ್ಯಾಸ ಯಾಕೆ ಮುಖ್ಯ ಅನ್ನೋದು ನನಗೇ ಸರಿಯಾಗಿ ಹೊಳೆದದ್ದು ಆ ಹುಡುಗಿಯ ಅಕ್ಷರ ನೋಡಿದಾಗ. ಫಾರಂ ಕೈಗೆ ಕೊಟ್ಟು ಬಂದರೆ ಅದನ್ನು ಯಾರು ತುಂಬಿದರು ಅನ್ನೋದೇ ನಮಗೆ ಗೊತ್ತಾಗಲ್ಲ.

ಹಳ್ಳಿಗೆ ಹೋಗುವ ಯೋಚನೆ ಬಂದದ್ದು ಬೇಸರದಿಂದ. ಪಠ್ಯದಲ್ಲಿ ಸಿದ್ಧಾಂತ ಒಂದು ಅಧ್ಯಾಯ, ಸಂಶೋಧನಾ ವಿಧಾನ ಇನ್ನೊಂದು ಅಧ್ಯಾಯ. ಸಮಾಜಶಾಸ್ತ್ರಕ್ಕೆ ಬುನಾದಿ ಹಾಕಿದ ಡರ್ಕೈಮ್, ವೆಬರ್, ಮಾರ್ಕ್ಸ್ ಮೂವರೂ ಗೋಡೆಯ ಮೇಲಿನ ಫೋಟೋಗಳ ಥರ ಸಾಲಾಗಿ ನಿಂತಿರುತ್ತಾರೆ. ಹುಟ್ಟಿದ ವರ್ಷ, ಕೃತಿ, ಒಂದು ವ್ಯಾಖ್ಯೆ, ಮುಗೀತು. ಹೊರಗೆ ಹೋಗಿ ಏನಾದರೂ ಒಂದನ್ನು ಕಂಡುಹಿಡಿದು ಬರೋಣ ಅಂದೆ. ಕಾಲೇಜಿನಿಂದ ನಾಲ್ಕು ಕಿಲೋಮೀಟರ್ ದೂರದ ಒಂದು ಊರು. ವಿಷಯ ಆರಿಸಿದ್ದು ಮಕ್ಕಳೇ: ಮನೆಗೆ ನೀರು ಯಾರು ತರ್ತಾರೆ?

ಹೆಂಗಸರೇ ತರ್ತಾರೆ ಅನ್ನೋದು ಎಲ್ಲರ ಊಹೆ. ಫಾರಂ ಎಣಿಸಿದರೆ ಉಲ್ಟಾ. ಅರ್ಧಕ್ಕಿಂತ ಜಾಸ್ತಿ ಮನೆಗಳಲ್ಲಿ ಗಂಡಸರು ಅಂತ ಬರೆದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ, "ಸಮಾನತೆ ಬಂದ್ಬಿಡ್ತು ಮೇಡಂ" ಅಂದ. ಹುಡುಗಿಯರು ನಕ್ಕರು. ಒಬ್ಬಳು ಮಾತ್ರ, "ಊಹೆ ತಪ್ಪಾಯ್ತು, ಬೇರೆ ವಿಷಯ ತಗೊಳ್ಳೋಣ್ವಾ?" ಅಂತ ಪಾಪ ಪೇಚಾಡಿಕೊಂಡಳು.

ಅವಳಿಗೆ ನಮ್ಮ ಜಿಲ್ಲೆಯ ಕತೆಯನ್ನೇ ಹೇಳಿದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಮಾನವಶಾಸ್ತ್ರಜ್ಞೆ 1954ರಿಂದ 1956ರವರೆಗೆ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಅವಕ್ಕೆ ವಂಗಲ, ದಲೇನ ಅಂತ ಬದಲಿ ಹೆಸರು ಇಟ್ಟರು. ಒಂದಕ್ಕೆ ಕಾಲುವೆ ನೀರು ಬಂದಿತ್ತು, ಇನ್ನೊಂದು ಒಣ ಊರಾಗೇ ಉಳಿದಿತ್ತು. ನೀರು ಬಂದ ಊರೇ ಹೆಚ್ಚು ಬದಲಾಗಿರುತ್ತೆ ಅಂತ ತಾನೇ ಯಾರಾದರೂ ಅಂದುಕೊಳ್ಳೋದು? ಆಗಿದ್ದು ಬೇರೆ. ನೀರು ಬಂದ ಊರಿನವರು ಕಬ್ಬು, ಭತ್ತ ಬೆಳೆದು ದುಡ್ಡು ಕಂಡರು. ಆದರೆ ಬೇಸಾಯ ಬಿಟ್ಟು ಹೋಗುವ ಅಗತ್ಯ ಬೀಳಲಿಲ್ಲ. ಊರಿನ ಹಳೇ ಸಂಬಂಧಗಳು ಬಹುಪಾಲು ಹಾಗೇ ಉಳಿದವು. ಒಣ ಊರಿನವರು ಹೊರಗೆ ಕೆಲಸ, ವ್ಯಾಪಾರ ಹುಡುಕಿಕೊಂಡು ಹೋದರು. ಅಲ್ಲೇ ಹೆಚ್ಚು ಬದಲಾವಣೆ ಆಯಿತು. ಇದು ಗೊತ್ತಾದದ್ದು ಎರಡು ಊರನ್ನು ಪಕ್ಕಪಕ್ಕ ಇಟ್ಟು ನೋಡಿದ್ದಕ್ಕೆ. ನೀರು ಬಂದ ಊರೊಂದನ್ನೇ ನೋಡಿದ್ದರೆ ಹೇಳುತ್ತಿದ್ದ ಕತೆಯೇ ಬೇರೆ. ನಮ್ಮ ಮಕ್ಕಳಲ್ಲಿ ಅರ್ಧ ಜನ ಆ ಸೀಮೆಯವರೇ. ಒಬ್ಬರಿಗೂ ಈ ಅಧ್ಯಯನದ ವಿಷಯ ಗೊತ್ತಿರಲಿಲ್ಲ.

ಸರಿ, ಫಾರಂ ಪಕ್ಕಕ್ಕಿಟ್ಟು ನೋಡಲು ಶುರು ಮಾಡಿದೆವು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಎದುರಿನ ಕಟ್ಟೆ ಮೇಲೆ ಇಬ್ಬಿಬ್ಬರಂತೆ ಕೂರಬೇಕು. ಬೆಳಗ್ಗೆ 6ರಿಂದ 9, ಸಂಜೆ 5ರಿಂದ 7. ಬಂದವರ ಹೆಸರು ಬೇಡ. ಗಂಡಸೋ ಹೆಂಗಸೋ, ನಡೆದು ಬಂದರೋ ಗಾಡಿಯಲ್ಲೋ, ಎಷ್ಟು ಕ್ಯಾನ್, ಎಷ್ಟು ಹೊತ್ತಿಗೆ, ಇಷ್ಟೇ. ಮೊದಲ ದಿನ ಎಲ್ಲರೂ ಇವರನ್ನೇ ನೋಡಿದರು. "ಏನವ್ವ, ಪಂಚಾಯ್ತಿಯಿಂದ ಕಳ್ಸವ್ರಾ? ಮಿಷನ್ ಕೆಟ್ಟೋಗದೆ ಅಂತ ಬರ್ಕೊ" ಅಂದರು. ಮೂರನೇ ದಿನಕ್ಕೆ ಯಾರೂ ತಿರುಗಿಯೂ ನೋಡಲಿಲ್ಲ. ಮೊದಲ ದಿನದ ಹಾಳೆಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನೋಡುವವರು ಇದ್ದಾರೆ ಅಂತ ಗೊತ್ತಾದ ಕೂಡಲೇ ಜನ ಬೇರೆ ಥರ ಆಗ್ತಾರೆ. ನಮ್ಮ ಕ್ಲಾಸಿಗೆ ಪ್ರಿನ್ಸಿಪಾಲರು ಬಂದಾಗ ನಾವೆಲ್ಲ ಆಗಲ್ವಾ, ಹಾಗೆ.

ಘಟಕಕ್ಕೆ ಬರುವವರಲ್ಲಿ ಗಂಡಸರೇ ಹೆಚ್ಚು. ಆ ಮಟ್ಟಿಗೆ ಫಾರಂ ಸುಳ್ಳು ಹೇಳಿರಲಿಲ್ಲ. ಟಿವಿಎಸ್ ಎಕ್ಸೆಲ್ ಮುಂದೆ ಒಂದು ಕ್ಯಾನ್, ಹಿಂದೆ ಒಂದು. 5 ರೂಪಾಯಿ ನಾಣ್ಯ ಹಾಕಿ 20 ಲೀಟರ್ ಹಿಡಿದು ಹೋಗುತ್ತಾರೆ. ಆದರೆ ಅದೇ ಹೊತ್ತಿಗೆ ಮನೆ ಮುಂದಿನ ನಲ್ಲಿಯಲ್ಲಿ ಬಿಂದಿಗೆ ತುಂಬುತ್ತಿದ್ದವರು, ಕೊಟ್ಟಿಗೆಗೆ ಹೊರುತ್ತಿದ್ದವರು, ಪಾತ್ರೆ ಬಟ್ಟೆಗೆ ತೊಟ್ಟಿ ತುಂಬಿಸುತ್ತಿದ್ದವರೆಲ್ಲ ಹೆಂಗಸರು. ನಾವು "ನೀರು ಯಾರು ತರ್ತಾರೆ" ಅಂತ ಕೇಳಿದ್ದೆವು. ಅವರಿಗೆ "ತರೋದು" ಅಂದರೆ ಘಟಕದಿಂದ ತರೋದು. ನಲ್ಲಿ ನೀರು ಹಿಡಿಯೋದನ್ನ ತರೋದು ಅಂತ ಯಾರು ಕರೀತಾರೆ? ಅದು ಸುಮ್ನೆ ಮನೆಗೆಲಸ. ಪ್ರಶ್ನೆಯಲ್ಲಿದ್ದ ಒಂದು ಪದ ನಮ್ಮ ಇಡೀ ಎಣಿಕೆಯನ್ನು ಅಡ್ಡದಾರಿಗೆ ಎಳೆದಿತ್ತು.

ಇಲ್ಲಿಂದ ಮುಂದೆ ಸಿದ್ಧಾಂತದ ಪಾಠ ನಾನು ಮಾಡಬೇಕಾಗಲೇ ಇಲ್ಲ. ನೀರಿಗೆ ಗಾಡಿ ಬೇಕಾಯ್ತು, ಕಾಸು ಬೇಕಾಯ್ತು, ಆವಾಗ ಅದು ಗಂಡಸರ ಕೆಲಸ ಆಯ್ತು ಅಂದಳು ಒಬ್ಬಳು. ಗಾಡಿ, ಕಾಸು ಯಾರ ಕೈಯಲ್ಲಿದೆಯೋ ಅಲ್ಲಿಂದ ನೋಡು ಅನ್ನುವುದು ಮಾರ್ಕ್ಸ್‌ನ ದಾರಿ. ಇನ್ನೊಬ್ಬ, ಇಲ್ಲ, ಭಾರದ ಕ್ಯಾನು ಗಂಡಸರು ಹೊರ್ತಾರೆ, ಉಳಿದದ್ದು ಹೆಂಗಸರು ನೋಡ್ಕೋತಾರೆ, ಮನೆ ನಡೀಬೇಕಲ್ಲ ಅಂದ. ಇದು ಪ್ರಕಾರ್ಯವಾದಿ ಮಾತು, ಅಂದರೆ ಒಟ್ಟು ಸಮಾಜ ನಡೆಯಲು ಪ್ರತಿ ಭಾಗವೂ ಒಂದೊಂದು ಕೆಲಸ ಮಾಡುತ್ತೆ ಅನ್ನುವ ನೋಟ. ಮಾತಾಡಿದವರಿಗೆ ಅದು ಗೊತ್ತಿರಲಿಲ್ಲ ಅಷ್ಟೇ. ಮೂರನೆಯವಳು ಮಾತ್ರ ಸಿಟ್ಟಿನಿಂದ, "ನಮ್ಮಮ್ಮ ದಿನಕ್ಕೆ ಹತ್ತು ಬಿಂದಿಗೆ ಹೊರ್ತಾರೆ, ಅದ್ಯಾಕೆ ಕೆಲ್ಸ ಅಂತಾನೇ ಲೆಕ್ಕ ಇಲ್ಲ?" ಅಂದಳು. ಸ್ತ್ರೀವಾದ ಅನ್ನೋ ಶೀರ್ಷಿಕೆ ಕೊಟ್ಟು ನಾನು ಎರಡು ಪುಟ ಬರೆಸಿದ್ದರೂ ಆ ಸಾಲು ಬರುತ್ತಿರಲಿಲ್ಲ.

ಇನ್ನು ನಮ್ಮ ದೊಡ್ಡ ತಪ್ಪಿನ ವಿಷಯ. ಫಾರಂ ಹಂಚಿದ ದಿನ ಊರು ತೋರಿಸಲು ಬಂದವನು ಪಂಚಾಯ್ತಿ ಸದಸ್ಯರೊಬ್ಬರ ಮಗ. ಒಳ್ಳೆ ಹುಡುಗ. ಕಾಫಿ ಕೊಡಿಸಿದ, ಬಿಸಿಲಿಗೆ ಛತ್ರಿ ಕೊಟ್ಟ. ಎರಡು ಬೀದಿ ತೋರಿಸಿದ. ಆಮೇಲೆ ಊರಿನ ನಕ್ಷೆ ಬರೆಯಲು ಕೂತಾಗ ಗೊತ್ತಾಯಿತು, ಊರ ತುದಿಯ ದಲಿತರ ಕಾಲೋನಿಯಿಂದ ಒಂದೇ ಒಂದು ಫಾರಂ ಬಂದಿಲ್ಲ. ಅವನು ಬೇಡ ಅಂದಿರಲಿಲ್ಲ. ನಾವೂ ಕೇಳಿರಲಿಲ್ಲ.

ಇದರಲ್ಲಿ ನಮಗೆ ದೊಡ್ಡವರ ಜೊತೆ ಇದೆ ಅಂತ ಸಮಾಧಾನ ಮಾಡಿಕೊಂಡೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ಹೋಗಿ ಉಳಿದರು. ಪುಸ್ತಕದಲ್ಲಿ ಅದರ ಹೆಸರು ರಾಂಪುರ. ಅವರಿಗೆ ಇರಲು ಸಿಕ್ಕಿದ್ದು ಊರ ಪಟೇಲರಿಗೆ ಸೇರಿದ, ಎತ್ತು ಕಟ್ಟುತ್ತಿದ್ದ ಮನೆ. ಬ್ರಾಹ್ಮಣರಾದ ತಾವು ಅಲ್ಲಿ ಇದ್ದದ್ದರಿಂದ ಹೆಂಗಸರ ಲೋಕ, ದಲಿತರ ಕೇರಿ ತಮಗೆ ಅಷ್ಟಾಗಿ ತೆರೆದುಕೊಳ್ಳಲಿಲ್ಲ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಜನಬಲ, ಜಮೀನು ಇದ್ದು ಊರಿನಲ್ಲಿ ಮಾತು ನಡೆಯುವ ಜಾತಿಯನ್ನು ಅವರು ಪ್ರಬಲ ಜಾತಿ ಅಂತ ಕರೆದರು. ಇಡೀ ವರ್ಷ ಆ ಪರಿಕಲ್ಪನೆಯನ್ನು ಪಾಠ ಮಾಡಿದ ನಾನು, ಊರಿಗೆ ಹೋದ ಮೊದಲ ದಿನವೇ ಪ್ರಬಲರ ಮನೆ ಕಾಫಿ ಕುಡಿದು ಬಂದಿದ್ದೆ.

(ಶ್ರೀನಿವಾಸರ ಇನ್ನೊಂದು ಕತೆಯನ್ನು ಮಕ್ಕಳಿಗೆ ಬೇಕಂತಲೇ ಹೇಳುತ್ತೇನೆ. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕೇಂದ್ರಕ್ಕೆ ಬೆಂಕಿ ಬಿದ್ದು, ವಿಂಗಡಿಸಿಟ್ಟ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ನೆನಪಿನ ಬಲದ ಮೇಲೆ ಬರೆದ ಪುಸ್ತಕ 1976ರಲ್ಲಿ ಬಂತು. ಮೂರೂ ಪ್ರತಿ ಒಂದೇ ಕಡೆ ಇಡಬೇಡಿ, ಆವತ್ತಿನ ಹಾಳೆಯನ್ನು ಆವತ್ತೇ ಫೋನಿನಲ್ಲಿ ಫೋಟೋ ತೆಗೆದು ಗ್ರೂಪಿಗೆ ಹಾಕಿ ಅನ್ನುತ್ತೇನೆ.)

ಎರಡನೇ ಸಲ ಮತದಾರರ ಪಟ್ಟಿ ಹಿಡಿದು ಹೋದೆವು. ಅದರಲ್ಲಿನ ಮನೆಗಳಿಗೆ ನಂಬರ್ ಹಾಕಿ, ಒಂದರಿಂದ ಹತ್ತರೊಳಗೆ ಒಂದು ಚೀಟಿ ಎತ್ತಿ, ಅಲ್ಲಿಂದ ಪ್ರತಿ ಹತ್ತನೇ ಮನೆ. ಕಾಲೋನಿಯೂ ಬಂತು, ತೋಟದ ಒಂಟಿ ಮನೆಯೂ ಬಂತು. ಈ ಸಲ ಫಾರಂ ಕೊಟ್ಟು ಬರುವ ಹಾಗಿಲ್ಲ, ಕೂತು ಕೇಳಿ ನಾವೇ ಬರೆಯಬೇಕು. ಎಲ್ಲಾ ಸರಿಯಾಯ್ತು ಅಂದುಕೊಂಡೆ. ಸಂಜೆ ನೋಡಿದರೆ ಮಕ್ಕಳು ಬೀಗ ಹಾಕಿದ ಮನೆ ಸಿಕ್ಕಾಗಲೆಲ್ಲ ಪಕ್ಕದ ಮನೆಗೆ ಹೋಗಿ ಮುಗಿಸಿ ಬಂದಿದ್ದರು. "ಒಂದೇ ಬೀದಿ ಅಲ್ವಾ ಮೇಡಂ, ಏನಾಗುತ್ತೆ?"

ಏನಾಗುತ್ತೆ ಅಂದರೆ, ಬೀಗ ಸುಮ್ನೆ ಬಿದ್ದಿರಲ್ಲ. ಆ ಮನೆಗಳ ಹೆಂಗಸರು ಬೆಳಗಾಗುವ ಮೊದಲೇ ಗಾರ್ಮೆಂಟ್ಸ್ ಬಸ್ ಹತ್ತುವವರು. ಸಂಬಳ ತರುವ ಹೆಂಗಸಿನ ಮನೆಯಲ್ಲಿ ನೀರಿನ ಕೆಲಸ ಹೇಗೆ ಹಂಚಿಕೆಯಾಗಿದೆ ಅನ್ನೋದೇ ನಮಗೆ ತಿಳಿಯಬೇಕಿದ್ದದ್ದು. ಬೀಗದ ಮನೆ ಬಿಟ್ಟು ತೆರೆದ ಮನೆಗೆ ಹೋದರೆ ನಮಗೆ ಸಿಗೋದು ಹಗಲು ಮನೆಯಲ್ಲಿರುವವರು ಮಾತ್ರ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ, ಅಧ್ಯಕ್ಷ ಚುನಾವಣೆಯಲ್ಲಿ ಯಾರಿಗೆ ವೋಟು ಅಂತ ಕೇಳಿ ಸುಮಾರು 1 ಕೋಟಿ ಜನರಿಗೆ ಕಾರ್ಡ್ ಕಳಿಸಿತ್ತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ತಾರೆ ಅಂತ ಅದು ಹೇಳಿತು. ರೂಸ್‌ವೆಲ್ಟ್ ಗೆದ್ದರು, ಲ್ಯಾಂಡನ್‌ಗೆ ಸಿಕ್ಕಿದ್ದು ಎರಡೇ ರಾಜ್ಯ. ವಿಳಾಸಗಳನ್ನು ಹೆಚ್ಚಾಗಿ ಟೆಲಿಫೋನ್, ಕಾರು ಇದ್ದವರ ಪಟ್ಟಿಗಳಿಂದ ಆರಿಸಿದ್ದರು. ಕಾರ್ಡ್ ವಾಪಸ್ ಕಳಿಸಿದವರೂ ಎಲ್ಲರ ಹಾಗೆ ಇರಲಿಲ್ಲ. ಇದನ್ನು ಹೇಳಿ ಮಕ್ಕಳನ್ನು ಭಾನುವಾರ ಬೀಗದ ಮನೆಗಳಿಗೆ ಮತ್ತೆ ಕಳಿಸಿದೆ. ಗೊಣಗಿಕೊಂಡೇ ಹೋದರು. ಆದರೆ ಚೆನ್ನಾಗಿ ಮಾತಾಡಿದವರು ಆ ಮನೆಗಳವರೇ.

ಕೊನೆಗೆ ಎಲ್ಲರೂ ಸಿಕ್ಕಿಬಿದ್ದದ್ದು ಒಂದು ಸಣ್ಣ ವಿಷಯದಲ್ಲಿ. ಕಟ್ಟೆ ಮೇಲೆ ಕೂತು ಬರೆದ ಹಾಳೆಗಳಲ್ಲಿ, ಕಾಲೋನಿಯವರು ಬರುತ್ತಿದ್ದದ್ದು ಹೆಚ್ಚಾಗಿ 8 ಗಂಟೆ ಮೇಲೆ, ಸಾಲು ಕರಗಿದ ನಂತರ. "ನೀರು ಹಿಡಿಯಲು ಯಾರಿಗಾದರೂ ಅಡ್ಡಿ ಇದೆಯಾ?" ಅಂತ ಅನುಸೂಚಿಯಲ್ಲಿ ಕೇಳಿದ್ದೆವು. ಇಡೀ ಊರು ಒಂದೇ ದನಿಯಲ್ಲಿ ಇಲ್ಲ ಅಂದಿತ್ತು. "ಅದೆಲ್ಲಾ ಹಳೇ ಕಾಲ ಕಣವ್ವ, ಕಾಸು ಹಾಕುದ್ರೆ ಮಿಷನ್ ನೀರು ಕೊಡ್ತದೆ, ಮಿಷನ್ಗೆ ಜಾತಿ ಗೊತ್ತಾ?" ಅಂದಿದ್ದರು ಒಬ್ಬರು. ಕಾಲೋನಿಯವರೂ ಇಲ್ಲ ಅಂತಲೇ ಬರೆಸಿದ್ದರು.

ಒಂದಿಬ್ಬರು ಕೂಡಲೇ ಜಾತಿ ಭೇದ ಅಂತ ಬರೆಯಲು ಹೊರಟರು. ನಾನು ತಡೆದೆ. ಕೂಲಿಗೆ ಹೋಗುವ ಹೊತ್ತಿನ ಲೆಕ್ಕವೂ ಇರಬಹುದು, ದೂರವೂ ಇರಬಹುದು. ಕಣ್ಣಿಗೆ ಕಂಡದ್ದು 8 ಗಂಟೆ ಅನ್ನೋದು ಮಾತ್ರ. ಯಾಕೆ ಅನ್ನೋದು ಕಂಡಿಲ್ಲ. ಹೋಗಿ ಕೂತು ಮಾತಾಡಿ, ಫಾರಂ ಹಿಡಿದುಕೊಂಡು ಹೋಗಬೇಡಿ ಅಂದೆ. ಬೇರೆ ಊರಿನ ಇಂಥದ್ದೇ ಕಾಲೋನಿಯ ವಿದ್ಯಾರ್ಥಿನಿಯೊಬ್ಬಳು ಹೋದಳು. ಎರಡು ಸಂಜೆ ಹುರುಳಿ ಕೇರಿಕೊಂಡು ಕೂತಳಂತೆ. ಮೂರನೇ ಸಂಜೆ ಒಬ್ಬ ಹೆಂಗಸು ಹೇಳಿದ ಮಾತು ಇಷ್ಟು: "ಯಾರೂ ಏನೂ ಅನ್ನಕಿಲ್ಲ ಕಣವ್ವ. ಆದ್ರೂ ಅನ್ನುಸ್ಕೊಳೋ ಜಾಗ್ದಲ್ಲಿ ಯಾಕ್ ನಿಂತ್ಕಬೇಕು?"

ಆ ಸಾಲನ್ನು ಬೋರ್ಡ್ ಮೇಲೆ ಬರೆದೆ. ಎರಡು ಪೀರಿಯಡ್ ಅದರ ಮೇಲೇ ಹೋಯಿತು. ಯಾರೂ ತಡೆದಿಲ್ಲ, ಆದರೂ ತಡೆ ಇದೆ. ಹೊರಗಿನಿಂದ ನಮ್ಮನ್ನು ಒತ್ತುವ, ಒಬ್ಬರ ಇಷ್ಟದಿಂದ ಹುಟ್ಟದ ಇಂಥ ಒತ್ತಡವನ್ನೇ ಡರ್ಕೈಮ್ 1895ರಲ್ಲಿ ಸಾಮಾಜಿಕ ಸಂಗತಿ ಅಂತ ಕರೆದದ್ದು. ಕೆಲವರು ಅವನ ಕಡೆ ನಿಂತರು. ಇನ್ನು ಕೆಲವರು ವೆಬರ್ ಕಡೆ: 8 ಗಂಟೆಗೆ ಬರೋದು ಅವಳು ಯೋಚಿಸಿ ಮಾಡುವ ಕೆಲಸ, ಅವಳು ಅದಕ್ಕೆ ಕೊಡುವ ಅರ್ಥ ತಿಳಿಯದೆ ಎಣಿಸಿ ಏನು ಉಪಯೋಗ? ಹೋಗಿ ಕೇಳಿ ಬಂದ ಹುಡುಗಿ ಮಾತ್ರ ಎರಡೂ ಕಡೆ ಸೇರಲಿಲ್ಲ. "ಎಣಿಸಿದ್ದಕ್ಕೇ ತಾನೇ 8 ಗಂಟೆ ಅಂತ ಗೊತ್ತಾಗಿದ್ದು? ಗೊತ್ತಾಗಿದ್ದಕ್ಕೇ ತಾನೇ ನಾನು ಹೋಗಿ ಕೂತಿದ್ದು?" ಅಂದಳು. ನನಗೆ ಅವಳೇ ಸರಿ ಅನ್ನಿಸಿತು.

ವರದಿ ಬರೆಯುವಾಗ ಮತ್ತೊಂದು ಜಗಳ. ಹೆಸರನ್ನಂತೂ ಯಾರೂ ಬರೆದಿರಲಿಲ್ಲ, ಅಷ್ಟು ಕಲಿತಿದ್ದರು. ಆದರೆ "ಮೂರನೇ ಸಾಲಿನ ಕೊನೇ ಮನೆಯ, ಹಸಿರು ಕ್ಯಾನ್ ತರುವ ಮಹಿಳೆ" ಅಂತ ಇತ್ತು. ಮುನ್ನೂರು ಮನೆಯ ಊರು. ಓದಿದವರಿಗೆ ಹೆಸರೇ ಬೇಕಾಗಿಲ್ಲ. ಸಾಲು ಹೊಡೆದೆ, ಮನೆ ಹೊಡೆದೆ, ಕ್ಯಾನ್ ಹೊಡೆದೆ. ಬರೆದವಳಿಗೆ ಬೇಜಾರಾಯಿತು. "ಇಷ್ಟೆಲ್ಲಾ ಹೊಡೆದ್ರೆ ನಾವು ನೋಡಿದ್ದೀವಿ ಅಂತ ಓದೋರಿಗೆ ನಂಬಿಕೆ ಬರುತ್ತಾ ಮೇಡಂ?" ಅಂದಳು. ಬರದಿದ್ದರೆ ಬೇಡ, ನಾಳೆ ಬೆಳಗ್ಗೆ ಅವರು ಅದೇ ಘಟಕಕ್ಕೆ ನೀರಿಗೆ ಹೋಗಬೇಕು ಅಂದೆ.

ಇಲ್ಲಿ ಬರೆದ ಹಸಿರು ಬಣ್ಣವೂ ನಿಜದ್ದಲ್ಲ.