ಮಾಣಿ, ನೀನು ಕೈ ಹಿಂದೆ ಕಟ್ಕೋ

ಮಗಳು ಬೆಂಗಳೂರಿಗೆ ಹೊರಡುವಾಗ ತನ್ನ ಹಳೆ ಲ್ಯಾಪ್‌ಟಾಪ್ ನನಗೆ ಬಿಟ್ಟುಹೋದಳು. ಮೊದಲ ದಿನ ರಾತ್ರಿ ಅದನ್ನು ಆರಿಸಬೇಕೆಂದು ಗೋಡೆಯ ಸ್ವಿಚ್ ಆರಿಸಿದೆ. ಅದು ಆರಲಿಲ್ಲ. ವೈರ್ ಕಿತ್ತೆ. ಆಗಲೂ ಬೆಳಕು ಹಾಗೇ ಇತ್ತು. ಕೊನೆಗೆ ಮುಚ್ಚಳ ಮುಚ್ಚಿ, ಮೇಲೊಂದು ಟವೆಲ್ ಹಾಕಿ ಮಲಗಿದೆ. ಬೆಳಿಗ್ಗೆ ತೆಗೆದರೆ ಎಲ್ಲ ನಿನ್ನೆ ಇದ್ದಲ್ಲೇ ಇದೆ, ಬ್ಯಾಟರಿ ಮಾತ್ರ ಇಳಿದಿದೆ. ಮುಚ್ಚಳ ಮುಚ್ಚಿದರೆ ಅದು ನಿದ್ದೆ ಮಾಡುತ್ತದೆ ಅಷ್ಟೆ, ಆರುವುದಿಲ್ಲ. ಆರಿಸಲು ಸ್ಟಾರ್ಟ್ ಒತ್ತಿ, ಪವರ್ ಗುರುತು ಒತ್ತಿ, ಶಟ್ ಡೌನ್ ಅಂತ ಹೇಳಬೇಕು. ಆರಿಸಲಿಕ್ಕೂ ಸ್ಟಾರ್ಟ್ ಯಾಕೆ ಒತ್ತಬೇಕು ಅಂತ ಇವತ್ತಿಗೂ ಯಾರೂ ನನಗೆ ಸರಿಯಾಗಿ ಹೇಳಿಲ್ಲ.

ನನಗೆ ಆಗ 54 ವರ್ಷ. ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಸಂಡಿಗೆ ಮಾಡಿ ಮಾರುತ್ತೇನೆ. ಲೆಕ್ಕವೆಲ್ಲ 200 ಪುಟದ ನೋಟ್‌ಬುಕ್‌ನಲ್ಲಿ. ಎಣ್ಣೆ ಬಿದ್ದು ಎಷ್ಟೋ ಪುಟ ಆಚೆಯಿಂದ ಈಚೆ ಕಾಣುತ್ತಿತ್ತು. "ಅಮ್ಮ, ಇದ್ರಲ್ಲಿ ಬರೆದಿಡು, ಕೂಡೋ ಕೆಲ್ಸ ಅದೇ ಮಾಡತ್ತೆ" ಅಂದಿದ್ದಳು ಮಗಳು.

ಕಲಿಸಲು ಬಂದವನು ಪಕ್ಕದ ಮನೆ ಮಾಣಿ. ಪಿಯುಸಿ ಓದುತ್ತಿದ್ದ. ಒಳ್ಳೆಯ ಹುಡುಗ, ಆದರೆ ಕೈ ಬಹಳ ಚುರುಕು. ನಾನೇನಾದರೂ ಕೇಳಿದರೆ "ಬಿಡಿ ದೊಡ್ಡಮ್ಮ, ನಾನು ಮಾಡ್ತೇನೆ" ಅಂತ ಟಕಟಕ ಒತ್ತಿ ಮುಗಿಸುತ್ತಿದ್ದ. ನಾನು "ಓಹೋ" ಅನ್ನುತ್ತಿದ್ದೆ. ಅವನು ಗೇಟು ದಾಟುವಷ್ಟರಲ್ಲಿ ಎಲ್ಲ ಮರೆತಿರುತ್ತಿತ್ತು. ನಾಲ್ಕು ದಿನ ಹೀಗೇ ಹೋಯಿತು. ಐದನೆಯ ದಿನ ಅವನಿಗೆ ಕಾಫಿ ಕೊಟ್ಟು ಹೇಳಿದೆ: "ಮಾಣಿ, ಇವತ್ತಿಂದ ನೀನು ಕೈ ಹಿಂದೆ ಕಟ್ಕೋ. ಬಾಯಲ್ಲಿ ಹೇಳು ಸಾಕು." ಪಾಪ, ಅವನಿಗೆ ಅದು ಬಹಳ ಕಷ್ಟವಾಯಿತು. ನಾನು ಬಾಣದ ಗುರುತನ್ನು ಇಡೀ ಪರದೆ ಸುತ್ತಿಸಿ ತರುವಾಗ ಅವನ ಬೆರಳು ಹಿಂದೆ ನೆಟಿಕೆ ತೆಗೆಯುವ ಸದ್ದು ಕೇಳುತ್ತಿತ್ತು. ನಾನು ಕಲಿಯಲು ಶುರು ಮಾಡಿದ್ದು ಆ ದಿನವೇ.

ಮೊದಲ ತೊಂದರೆ ಟಚ್‌ಪ್ಯಾಡ್. ವರ್ಷಗಟ್ಟಲೆ ಉಪ್ಪು, ಖಾರ ಮುಟ್ಟಿದ ಬೆರಳು ನನ್ನದು, ತುದಿ ದಪ್ಪಗಾಗಿದೆ. ಒಮ್ಮೊಮ್ಮೆ ಮುಟ್ಟಿದ್ದು ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಕೈ ಸ್ವಲ್ಪ ಒದ್ದೆಯಿದ್ದರೆ ಬಾಣ ಕಪ್ಪೆ ಹಾಗೆ ಹಾರುತ್ತಿತ್ತು. ಸೆರಗಲ್ಲಿ ಒರೆಸಿ ಒರೆಸಿ ಸಾಕಾಗಿ ಒಂದು ಮೌಸ್ ತರಿಸಿದೆ. ಇದು ಸೋಲು ಅಂತ ನನಗೆ ಅನಿಸಿಲ್ಲ. ನನ್ನ ವಯಸ್ಸಿನವರು ಮೌಸ್‌ನಿಂದಲೇ ಶುರು ಮಾಡಲಿ, ಟಚ್‌ಪ್ಯಾಡ್ ಆಮೇಲೆ ತಾನಾಗೇ ಬರುತ್ತದೆ.

ಎರಡು ಸಲ ಬೇಗ ಬೇಗ ಒತ್ತುವುದು, ಒತ್ತಿ ಹಿಡಿದು ಎಳೆಯುವುದು, ಇವೆರಡು ಕೈಗೆ ಕೂರಲಿಲ್ಲ. ಮಾಣಿ ಇಸ್ಪೀಟ್ ಆಟ ತೆಗೆದು ಕೊಟ್ಟ. ನಮ್ಮ ಮನೆಯಲ್ಲಿ ದೀಪಾವಳಿಗೂ ಇಸ್ಪೀಟ್ ಮುಟ್ಟಿದವರಲ್ಲ. ಆದರೆ ಆ ಸಾಲಿಟೇರ್ 1990ರಲ್ಲಿ ವಿಂಡೋಸ್ 3.0 ಜೊತೆ ಬಂದದ್ದೇ ಜನರ ಕೈಗೆ ಮೌಸ್ ಎಳೆಯುವ ರೂಢಿಯಾಗಲಿ ಅಂತ ಹೇಳುತ್ತಾರೆ. ಹತ್ತು ದಿನ, ಮಧ್ಯಾಹ್ನ ಊಟದ ಮೇಲೆ ಅರ್ಧ ಗಂಟೆ ಎಲೆ ಎಳೆದೆ. ಯಜಮಾನರು ಒಳಗೆ ಬಂದರೆ ಮಾತ್ರ ಲೆಕ್ಕದ ಪುಟ ಮುಂದೆ ತರುತ್ತಿದ್ದೆ. ಆಲ್ಟ್ ಹಿಡಿದು ಟ್ಯಾಬ್ ಒತ್ತಿದರೆ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗಬಹುದು. ಆ ವಿದ್ಯೆ ನಾನು ಕಲಿತದ್ದು ಹೀಗೆ.

ಬರೆದಿಟ್ಟುಕೊಂಡ ಕೀಗಳು ಬಹಳ ಇಲ್ಲ. ಕಂಟ್ರೋಲ್ ಜೊತೆ ಸಿ ಒತ್ತಿದರೆ ನಕಲು, ವಿ ಒತ್ತಿದರೆ ಅಂಟಿಸುವುದು, ಎಸ್ ಒತ್ತಿದರೆ ಉಳಿಸುವುದು. ಇವೆಲ್ಲಕ್ಕಿಂತ ಪ್ರೀತಿಯದು ಕಂಟ್ರೋಲ್ ಝೆಡ್. ಏನೇ ತಪ್ಪು ಮಾಡಿದರೂ ಒಂದು ಹೆಜ್ಜೆ ಹಿಂದೆ ಹೋಗಬಹುದು. ಇದು ಗೊತ್ತಾದ ಮೇಲೆ ನನ್ನ ಮುಕ್ಕಾಲು ಭಯ ಹೋಯಿತು. ಉಪ್ಪು ಜಾಸ್ತಿಯಾದ ಭರಣಿಗೆ ಈ ಸೌಲಭ್ಯ ಇಲ್ಲ ನೋಡಿ.

ಕಂಟ್ರೋಲ್ ಎಸ್ ಬೆಲೆ ಗೊತ್ತಾಗಿದ್ದು ಮಳೆಗಾಲದಲ್ಲಿ. ನಮ್ಮಲ್ಲಿ ಜೂನ್ ಬಂತೆಂದರೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳುವ ಹಾಗಿಲ್ಲ. ಹಳೆ ಬ್ಯಾಟರಿ ಇಪ್ಪತ್ತು ನಿಮಿಷ ತಡೆಯುತ್ತಿತ್ತು. ಒಂದು ಸಂಜೆ ಬರೆಯುತ್ತಾ ಕೂತವಳು ಹಾಲು ಕಾಯಿಸಲು ಎದ್ದುಹೋದೆ. ಬರುವಷ್ಟರಲ್ಲಿ ಪರದೆ ಕಪ್ಪು. ಎರಡು ತಿಂಗಳ ಲೆಕ್ಕ ಇನ್ನೊಮ್ಮೆ ಬರೆದೆ. ಈಗ ಒಂದೊಂದು ಸಾಲಿಗೂ ಬೆರಳು ತಾನಾಗಿ ಕಂಟ್ರೋಲ್ ಎಸ್ ಒತ್ತುತ್ತದೆ. ಗುಡುಗು ಕೇಳಿಸಿದರೆ ಚಾರ್ಜರ್ ಕಿತ್ತಿಡುತ್ತೇನೆ, ಟಿವಿ ವೈರ್ ಕೀಳುವ ಹಾಗೇ.

ಲೆಕ್ಕದ ಕಥೆ ಬೇರೆ. ಎಕ್ಸೆಲ್‌ನಲ್ಲಿ ಮಿಡಿ, ಉಪ್ಪು, ಸಾಸಿವೆ, ಮೆಣಸು ಅಂತ ಕಂಬ ಮಾಡಿ ಕೆಳಗೆ "25 ಕೆಜಿ", "8 ಕೆಜಿ" ಅಂತ ಚೆಂದವಾಗಿ ತುಂಬಿಸಿದೆ. ಕೂಡಿಸು ಅಂದರೆ ಮೊತ್ತ ಸೊನ್ನೆ! ಕೆಜಿ ಅಂತ ಅಕ್ಷರ ಸೇರಿಸಿದ ಕೂಡಲೇ ಅದು ಎಕ್ಸೆಲ್‌ಗೆ ಸಂಖ್ಯೆ ಅಲ್ಲ, ಬರೀ ಬರಹ. ಅಂಕೆ ಮಾತ್ರ ಬರೆಯಬೇಕು, ಕೆಜಿ ಅಂತ ತಲೆಬರಹದಲ್ಲಿ ಒಂದೇ ಸಲ ಬರೆದರೆ ಸಾಕು. ಇನ್ನೊಂದು ದಿನ ಯಾರೋ "ಮೂರೋ ನಾಲ್ಕೋ ಬಾಟಲಿ ಬೇಕು" ಅಂದದ್ದಕ್ಕೆ 3-4 ಅಂತ ಬರೆದೆ. ಎಂಟರ್ ಒತ್ತಿದ್ದೇ ತಡ, ಅದು ತಾರೀಖಾಗಿ ಕೂತಿತು. ಜಾಣತನ ಜಾಸ್ತಿಯಾದರೆ ಹೀಗೇ ಅಲ್ವಾ.

ಫೈಲ್ ಹುಡುಕುವುದು ನನ್ನನ್ನು ಹೆಚ್ಚು ಅಳಿಸಿತು. ಉಳಿಸಿದ್ದೇನೆ, ಆದರೆ ಎಲ್ಲಿ? "ಲೆಕ್ಕ", "ಹೊಸ ಲೆಕ್ಕ", "ಹೊಸ ಲೆಕ್ಕ ಸರಿ", ಹೀಗೆ ಐದು ಇದ್ದವು. ನಾನು ಭರಣಿಗೆ ಬಟ್ಟೆ ಕಟ್ಟುವಾಗ ಹಾಕಿದ ವರ್ಷ, ತಿಂಗಳು ಬರೆದ ಚೀಟಿ ಸಿಕ್ಕಿಸುತ್ತೇನೆ. ಅದೇ ಕ್ರಮ ಇಲ್ಲಿಗೂ ತಂದೆ. 2024-03 ಮಿಡಿ, 2024-05 ಹಪ್ಪಳ. ಮೊದಲು ವರ್ಷ, ಆಮೇಲೆ ತಿಂಗಳು ಬರೆದರೆ ಹೆಸರಿನ ಸಾಲಲ್ಲಿ ಅವು ತಾವಾಗಿ ಹಿಂದೆ ಮುಂದೆ ಸರಿಯಾಗಿ ನಿಲ್ಲುತ್ತವೆ. ಎಲ್ಲವೂ ಡಾಕ್ಯುಮೆಂಟ್ಸ್ ಒಳಗೆ ಒಂದೇ ಫೋಲ್ಡರ್‌ನಲ್ಲಿ. ಇದನ್ನು ಮಾಣಿ ಹೇಳಿಕೊಟ್ಟದ್ದಲ್ಲ. ಅವನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಫೈಲೂ ಡೆಸ್ಕ್‌ಟಾಪ್ ಮೇಲೇ ಹರಡಿಕೊಂಡಿವೆ.

ಒಂದು ದಿನ ಅಡುಗೆಯದೇನೋ ಹುಡುಕುವಾಗ ಪರದೆ ತುಂಬ ಕೆಂಪಾಗಿ, ಸೈರನ್ ಕೂಗಿ, ವೈರಸ್ ಬಂದಿದೆ ಈ ನಂಬರಿಗೆ ಫೋನ್ ಮಾಡಿ ಅಂತ ಬಂತು. ಫೋನ್ ಎತ್ತಿಕೊಂಡೇ ಇದ್ದೆ. ಯಾಕೋ ಮೊದಲು ಮಗಳಿಗೆ ಮಾಡಿದೆ. "ಅಮ್ಮ, ಆ ನಂಬರ್ ಮುಟ್ಬೇಡ. ಪವರ್ ಬಟನ್ ಒತ್ತಿ ಹಿಡ್ಕೋ, ಆರೋ ತನಕ" ಅಂದಳು. ಒಂದು ಹತ್ತು ಸೆಕೆಂಡು ಹಿಡಿದೆ, ಆರಿತು. ಮತ್ತೆ ಹಾಕಿದರೆ ಏನೂ ಆಗಿರಲಿಲ್ಲ. ಇಂಥ ಮೋಸದಲ್ಲಿ ದುಡ್ಡು ಹೋದರೆ ಕರೆ ಮಾಡುವ ಸರ್ಕಾರದ ನಂಬರ್ 1930. ಅದನ್ನು ಮುಚ್ಚಳದ ಒಳಗೆ ಅಂಟಿಸಿದ್ದೇನೆ.

ಕನ್ನಡ ಟೈಪಿಂಗ್ ಬಗ್ಗೆ ಹೆದರಿದ್ದೆ, ಅದೇ ಸುಲಭವಾಯಿತು. ಕನ್ನಡ ಬರೆಯುವ 'ನುಡಿ' ಅನ್ನುವ ತಂತ್ರಾಂಶದಲ್ಲಿರುವುದು ಕೆ.ಪಿ. ರಾವ್ ಅವರು ಮಾಡಿದ ಕೀಲಿಮಣೆ. ಇಂಗ್ಲಿಷ್ ಕೀಗಳೇ ಸಾಕು. ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್ ಒತ್ತಬೇಕು. ಕನ್ನಡ ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ. 'ಡ'ಕ್ಕೆ ಡಬ್ಲ್ಯೂ, 'ಟ'ಕ್ಕೆ ಕ್ಯೂ ಅನ್ನುವುದನ್ನು ಮಾತ್ರ ಬಾಯಿಪಾಠ ಮಾಡಿದೆ. 'ಅಪ್ಪೆಮಿಡಿ' ಬರೆಯಲು ಮೊದಲ ದಿನ ಹತ್ತು ನಿಮಿಷ ಬೇಕಾಯಿತು.

ಎಡವಿದ್ದು ಜೆರಾಕ್ಸ್ ಅಂಗಡಿಯಲ್ಲಿ. 40 ಬಾಟಲಿಗೆ ಲೇಬಲ್ ಮಾಡಿ, ಪೆನ್ ಡ್ರೈವ್ ಹಿಡಿದು ಪೇಟೆಗೆ ಹೋದೆ. ಅಲ್ಲಿ ತೆಗೆದರೆ ಒಂದೂ ಕನ್ನಡ ಇಲ್ಲ. ತಲೆ ಮೇಲೆ ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಅಂಗಡಿ ಹುಡುಗ "ಫೈಲ್ ಹಾಳಾಗಿದೆ ಅಮ್ಮ" ಅಂದುಬಿಟ್ಟ. ಹಾಳಾಗಿರಲಿಲ್ಲ. ನಾನು ಬರೆದದ್ದು ನುಡಿಯ ಹಳೆ ಫಾಂಟ್‌ನಲ್ಲಿ. ಅದರಲ್ಲಿ ಒಳಗಿರುವುದು ಇಂಗ್ಲಿಷ್ ಗುರುತುಗಳೇ, ಕನ್ನಡದ ಹಾಗೆ ತೋರಿಸುವುದು ಆ ಫಾಂಟ್. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ, ಅಷ್ಟೇ. ಯೂನಿಕೋಡ್ ಅಂದರೆ ಕನ್ನಡವನ್ನು ಕನ್ನಡವಾಗಿಯೇ ಒಳಗಿಡುವ ಕ್ರಮ. ಮಾಣಿ ನುಡಿಯನ್ನು ಅದಕ್ಕೆ ಬದಲಾಯಿಸುವುದು ಹೇಗೆ ಅಂತ ಹೇಳಿದ, ಕೈ ಹಿಂದೆ ಕಟ್ಟಿಕೊಂಡೇ. ಫಾಂಟ್ ಪಟ್ಟಿಯಲ್ಲಿ ತುಂಗಾ ಅಂತ ಒಂದು ಹೆಸರು ಕಂಡಿತು. ವಿಂಡೋಸ್‌ನವರದೇ ಕನ್ನಡ ಫಾಂಟ್, ಹೆಸರು ನಮ್ಮ ಹೊಳೆಯದು. ಬೇರೆ ಯಾವುದನ್ನೂ ನೋಡಲಿಲ್ಲ, ಅದನ್ನೇ ಆರಿಸಿದೆ.

ಲೇಬಲ್ ಪೂರ್ತಿ ಮತ್ತೆ ಬರೆದು, ಈ ಸಲ ಪಿಡಿಎಫ್ ಮಾಡಿಸಿಕೊಂಡು ಹೋದೆ. ಪಿಡಿಎಫ್‌ನಲ್ಲಿ ಅಕ್ಷರ ಅಲುಗುವುದಿಲ್ಲ. ಅಂಗಡಿ ಹುಡುಗ ಪೆನ್ ಡ್ರೈವ್ ಚುಚ್ಚಿ, "ಯಾವ ಫೈಲಮ್ಮ?" ಅಂತ ಮೌಸ್‌ಗೆ ಕೈ ಹಾಕಿದ. "ಸ್ವಲ್ಪ ಸರಿ, ನಾನೇ ತೆಗೀತೇನೆ" ಅಂದೆ.