ಬಣ್ಣ ತೆಗೆದ ಮೇಲೆ ಕಂಡ ಟ್ಯಾರೋ

ಟ್ಯಾರೋ ಎಂಬ ಚಿತ್ರದ ಇಸ್ಪೀಟೆಲೆಗಳನ್ನು ಹಾಸಿ ನಾನು ಯಾರಿಗೂ ಭವಿಷ್ಯ ಹೇಳಿದವಳಲ್ಲ. ಮುಂಬಯಿಯ ಲೋವರ್ ಪರೇಲಿನ ಒಂದು ಆಫ್‌ಸೆಟ್ ಮುದ್ರಣಾಲಯದಲ್ಲಿ ಹತ್ತೊಂಬತ್ತು ವರ್ಷ ಬಣ್ಣ ತಿದ್ದುವ ಕೆಲಸ ಮಾಡಿದ್ದೇನೆ. ಒಂದು ಪ್ರೂಫ್ ಮುಂದೆ ಬಂದರೆ ಅದರ ಅರ್ಥಕ್ಕಿಂತ ಮೊದಲು ಅದರಲ್ಲಿ ಮಜೆಂಟಾ ಹೆಚ್ಚಾಗಿದೆಯೇ ಎಂದು ನೋಡುವುದು ಕಣ್ಣಿಗೆ ಅಂಟಿದ ಚಟ. ಫ್ಲೋರಾ ಫೌಂಟನ್ ಬಳಿಯ ಹಳೇ ಪುಸ್ತಕದ ಫುಟ್‌ಪಾತಿನಲ್ಲಿ, ಮೂಲೆ ಸವೆದ ಹಳದಿ ಡಬ್ಬಿಯೊಂದರಲ್ಲಿ ರೈಡರ್-ವೇಟ್ ಟ್ಯಾರೋ ಕಟ್ಟು ಸಿಕ್ಕಿದಾಗಲೂ ನಾನು ನೋಡಿದ್ದು ಬಣ್ಣವನ್ನೇ, ಮತ್ತು ಅದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಮೊದಲ ಎಲೆಯಾದ ಮರುಳನ ಹಿಂದಿನ ಆಕಾಶ ಅರಿಶಿನ ಚೆಲ್ಲಿದಂತಿತ್ತು. ಕೆಂಪು ನೀಲಿಗಳು ಶಾಲೆಯ ಮಕ್ಕಳ ಕ್ರೆಯಾನ್ ಪೆಟ್ಟಿಗೆಯಿಂದ ಎದ್ದು ಬಂದಂತಿದ್ದವು. ಇಷ್ಟು ಒರಟಾದ ಚಿತ್ರಗಳನ್ನು ಜಗತ್ತು ನೂರು ವರ್ಷಕ್ಕೂ ಮೀರಿ ಏಕೆ ತಲೆಯ ಮೇಲೆ ಹೊತ್ತುಕೊಂಡಿದೆ ಎಂಬುದು ನನಗೆ ತಿಳಿಯಲಿಲ್ಲ. ಕಟ್ಟನ್ನು ಮಾಟುಂಗದ ಮನೆಯ ಕಪಾಟಿನಲ್ಲಿ ಹಾಕಿ ಮರೆತುಬಿಟ್ಟೆ.

ಅದನ್ನು ಮತ್ತೆ ತೆಗೆಯುವಂತೆ ಮಾಡಿದ್ದು ಟ್ಯಾರೋ ಅಲ್ಲ, ನಮ್ಮ ಹಳೆಯ ಇಸ್ಪೀಟಾಟವಾದ ಗಂಜೀಫಾ. ಉಡುಪಿಯಿಂದ ಕೊಂಕಣ ರೈಲಿನಲ್ಲಿ ಮರಳುವಾಗ ಒಮ್ಮೆ ಸಾವಂತವಾಡಿಯಲ್ಲಿ ಇಳಿದು, ಅಲ್ಲಿನ ಅರಮನೆಯ ಕಲಾವಿದರು ಕೈಯಿಂದ ಬರೆಯುವ ದಶಾವತಾರ ಗಂಜೀಫಾದ ಎಲೆಗಳನ್ನು ನೋಡಿದೆ. ದುಂಡನೆಯ, ಅರಗಿನ ಹೊಳಪಿನ ಎಲೆಗಳು. ಮತ್ಸ್ಯದಿಂದ ಕಲ್ಕಿಯವರೆಗೆ ಹತ್ತು ಬಣಗಳು, ಒಂದೊಂದರಲ್ಲಿ 12 ಎಲೆ, ಒಟ್ಟು 120. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇದೇ ಆಟವನ್ನು ಎಷ್ಟೋ ಹೊಸ ರೂಪಗಳಿಗೆ ಬೆಳೆಸಿದವರು. ಆ ಎಲೆಗಳಲ್ಲಿ ರಾಜನಿಗೂ ಪ್ರಧಾನನಿಗೂ ಚಿತ್ರವಿದೆ, ಆದರೆ ಮತ್ಸ್ಯದ ಏಳು ಎಂದರೆ ಏಳು ಮೀನು, ಅಷ್ಟೇ. ಯುರೋಪಿನ ಹಳೆಯ ಮಾರ್ಸೇ ಟ್ಯಾರೋದಲ್ಲಿಯೂ ಕಥೆ ಹೀಗೆಯೇ: ಏಳು ಬಟ್ಟಲು ಎಂದರೆ ಏಳು ಬಟ್ಟಲು. ಮನೆಗೆ ಬಂದು ಹಳದಿ ಡಬ್ಬಿಯನ್ನು ಬಿಚ್ಚಿದಾಗ ಮೊದಲ ಬಾರಿಗೆ ಗಮನಿಸಿದೆ, ಈ ಕಟ್ಟಿನಲ್ಲಿ ಬಟ್ಟಲು, ದಂಡ, ಕತ್ತಿ, ನಾಣ್ಯ ಎಂಬ ನಾಲ್ಕು ಬಣಗಳ ಬರೀ ಎಣಿಕೆಯ ನಲವತ್ತು ಎಲೆಗಳಲ್ಲಿಯೂ ಒಂದೊಂದು ಪ್ರಸಂಗವಿದೆ. ಬಟ್ಟಲು ಎಂಟರಲ್ಲಿ ಒಬ್ಬ ಕೆಂಪು ಬಟ್ಟೆಯವನು ಬಟ್ಟಲುಗಳನ್ನೆಲ್ಲ ಜೋಡಿಸಿಟ್ಟು, ಬೆನ್ನು ತಿರುಗಿಸಿ, ಬೆಟ್ಟದತ್ತ ಹೊರಟುಹೋಗುತ್ತಿದ್ದಾನೆ.

ಈ ಚಿತ್ರಗಳನ್ನು ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. 1878ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಜಮೈಕಾದಲ್ಲಿ ಕೆಲವು ವರ್ಷ ಬೆಳೆದು, ಬ್ರೂಕ್ಲಿನ್ನಿನ ಪ್ರ್ಯಾಟ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವಳು. ಆರ್ಥರ್ ಎಡ್ವರ್ಡ್ ವೇಟ್ ಎಂಬ ನಿಗೂಢಶಾಸ್ತ್ರದ ಪಂಡಿತ ಕೇಳಿಕೊಂಡಂತೆ 1909ರಲ್ಲಿ 78 ಚಿತ್ರಗಳನ್ನು ಬರೆದುಕೊಟ್ಟಳು. ಆ ವರ್ಷದ ಡಿಸೆಂಬರಿನಲ್ಲಿ ಕಟ್ಟು ಹೊರಬಂತು. ಹೆಸರಿನಲ್ಲಿ ಪ್ರಕಾಶಕ ರೈಡರ್ ಇದ್ದಾನೆ, ವೇಟ್ ಇದ್ದಾನೆ, ಬರೆದವಳಿಲ್ಲ. ದೊಡ್ಡ ಕೆಲಸವೊಂದನ್ನು ತೀರ ಕಡಿಮೆ ಹಣಕ್ಕೆ ಮುಗಿಸಿದೆ ಎಂದು ಆಕೆ ಆ ನವೆಂಬರಿನಲ್ಲಿ ನ್ಯೂಯಾರ್ಕಿನ ಛಾಯಾಗ್ರಾಹಕ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್‌ಗೆ ಪತ್ರ ಬರೆದಿದ್ದಳು. ಇಡೀ ಜೀವನ ಬಿಲ್ಲಿನ ಹಿಂದೆ ಅಲೆದ ನಮ್ಮಂಥವರಿಗೆ ಆ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆಕೆ ಬರೆದ ಮೂಲ ಚಿತ್ರಗಳು ಕಳೆದುಹೋಗಿವೆ, ಉಳಿದಿರುವುದು ಅಚ್ಚು ಮಾತ್ರ, ಎಂಬುದು ಗೊತ್ತಾದಾಗ ನನ್ನೊಳಗಿನ ಮುದ್ರಣಾಲಯದ ಹೆಂಗಸು ಎಚ್ಚರಗೊಂಡಳು. ಹಾಗಾದರೆ ನಾನು ಬೈಯುತ್ತಿದ್ದ ಬಣ್ಣ ಯಾರದು? ಮಷೀನಿನಲ್ಲಿ ಮಸಿ ಕೂರುವ ಬಗೆಯೊಂದೇ ಚಿತ್ರದ ಮುಖವನ್ನು ಎಷ್ಟು ಬದಲಿಸಬಲ್ಲದು ಎಂದು ದಿನವೂ ನೋಡಿದ ನಾನು ಇದನ್ನು ಮೊದಲೇ ಯೋಚಿಸಬೇಕಿತ್ತು. 2009ರಲ್ಲಿ ಬಂದ ಶತಮಾನೋತ್ಸವದ ಮುದ್ರಣದಲ್ಲಿ ಅವೇ ಚಿತ್ರಗಳು ಮಾಸಿದ, ಮೆತ್ತನೆಯ ಬಣ್ಣಗಳಲ್ಲಿವೆ. ಎರಡನ್ನೂ ಪಕ್ಕದಲ್ಲಿಟ್ಟರೆ ಒಬ್ಬಳೇ ಬರೆದದ್ದೆಂದು ನಂಬುವುದು ಕಷ್ಟ. ಹೀಗಾಗಿ ಬಣ್ಣವನ್ನೇ ತೆಗೆದುಹಾಕಲು ನಿರ್ಧರಿಸಿದೆ. ಪ್ರತಿ ಎಲೆಯನ್ನೂ ಸುಮಾರು ಎರಡೂಕಾಲು ಪಟ್ಟು ದೊಡ್ಡದಾಗಿ ಕಪ್ಪು ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿ, ವಾರಕ್ಕೊಂದರಂತೆ, ನಿಬ್ಬಿನ ಪೆನ್ನಿನಿಂದ ದಪ್ಪ ಕಾಗದದ ಮೇಲೆ ನಕಲು ಮಾಡತೊಡಗಿದೆ. ಅಡಿಯಲ್ಲಿಟ್ಟು ಗೆರೆ ಎಳೆಯುವ ಟ್ರೇಸಿಂಗ್ ಬೇಡವೆಂದುಕೊಂಡೆ, ಏಕೆಂದರೆ ಟ್ರೇಸಿಂಗಿನಲ್ಲಿ ಕೈ ಕಲಿಯುತ್ತದೆ, ಕಣ್ಣು ಕಲಿಯುವುದಿಲ್ಲ. ಒಂದೂವರೆ ವರ್ಷದಲ್ಲಿ ಮುಗಿಯಬೇಕಾದದ್ದು ಎರಡು ವರ್ಷ ದಾಟಿತು. ಮುಂಬಯಿಯ ಮಳೆಗಾಲದಲ್ಲಿ ಕಾಗದ ಹಪ್ಪಳದಂತೆ ಏಳುತ್ತದೆ, ಮಸಿ ಹಬ್ಬುತ್ತದೆ, ಜುಲೈ ತಿಂಗಳನ್ನು ಪೂರ್ತಿ ಬಿಟ್ಟುಬಿಡಬೇಕಾಯಿತು.

ಕೈ ಹೇಳಿದ ಮೊದಲ ಸಂಗತಿ ಮುಖಗಳ ಬಗ್ಗೆ. ಹತ್ತು ಹದಿನೈದು ಎಲೆ ನಕಲು ಮಾಡಿದ ಮೇಲೆ, ಮುಖ ಬರೆಯುವ ಸಂಕಟವೇ ನನಗೆ ಅಷ್ಟಾಗಿ ಬಂದಿಲ್ಲವಲ್ಲ ಎನ್ನಿಸಿತು. ದಂಡ ಹತ್ತರಲ್ಲಿ ಹೊರೆ ಹೊತ್ತವನ ಮುಖ ಹೊರೆಯಲ್ಲಿಯೇ ಹುದುಗಿದೆ. ದಂಡ ಮೂರರವನು ನಮಗೆ ಬೆನ್ನು ಹಾಕಿ ನಿಂತಿದ್ದಾನೆ. ಕತ್ತಿ ಎರಡರವಳಿಗೂ ಎಂಟರವಳಿಗೂ ಕಣ್ಣಿಗೆ ಬಟ್ಟೆ ಕಟ್ಟಿದೆ. ದುಃಖವೆಲ್ಲ ಬೆನ್ನಿನ ಬಾಗಿನಲ್ಲಿ, ಹೆಗಲಿನ ಇಳಿತದಲ್ಲಿ ಇದೆ. ದಾದರಿನ ಸೇತುವೆಯ ಮೇಲೆ ಸಂಜೆ ಏಳರ ಗುಂಪಿನಲ್ಲಿ ಮುಂದೆ ಹೋಗುವವರ ಬೆನ್ನುಗಳಿಂದಲೇ ಅವರ ದಿನ ಹೇಗಿತ್ತೆಂದು ತಿಳಿಯುವ ಹಾಗೆ. ಕತ್ತಿ ಒಂಬತ್ತನ್ನು ಬರೆಯುವಾಗ ನಾನು ಎರಡು ಬಾರಿ ಪೆನ್ನು ಕೆಳಗಿಟ್ಟೆ. ನಡುರಾತ್ರಿ ಹಾಸಿಗೆಯಲ್ಲಿ ಎದ್ದು ಕುಳಿತು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಿರುವ ವ್ಯಕ್ತಿ, ಹಿಂದಿನ ಕತ್ತಲೆಯಲ್ಲಿ ಅಡ್ಡಡ್ಡ ಒಂಬತ್ತು ಕತ್ತಿ. ಆದರೆ ಹೊದಿಕೆಯನ್ನು ನೋಡಿ: ಒಂದು ಚೌಕದಲ್ಲಿ ಗುಲಾಬಿ, ಇನ್ನೊಂದರಲ್ಲಿ ರಾಶಿಯ ಚಿಹ್ನೆ. ನಮ್ಮ ಚಾಳಿನ ಆಯಿಯೊಬ್ಬರು ಹೊಲಿಯುತ್ತಿದ್ದ ಗೋಧಡಿ, ಧಾರವಾಡದ ಕಡೆಯವರ ಕೌದಿ. ಅಮ್ಮ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ನಾನು ಹೊದ್ದು ಕುಳಿತದ್ದೂ ಅಂಥದ್ದೇ, ಅಷ್ಟು ಬಣ್ಣ ಬಣ್ಣದ್ದೇ. ಅಂಥ ರಾತ್ರಿಯಲ್ಲೂ ಹೊದಿಕೆ ಚೆಂದವಾಗಿಯೇ ಇರುತ್ತದೆ ಎಂಬುದನ್ನು ಬರೆಯಲು ಒಂದು ಧೈರ್ಯ ಬೇಕು.

ಎರಡನೆಯ ಸಂಗತಿಯನ್ನು ಕಂಡುಕೊಟ್ಟವರು ನನ್ನ ಸೋದರಮಾವ. ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆಯೊಂದರ ನಾಟಕಗಳಿಗೆ ಪರದೆ ಬರೆಯುತ್ತಿದ್ದವರು. ಹಗಲು ಹೋಟೆಲಿನ ಗಲ್ಲಾ, ರಾತ್ರಿ ಕುಂಚ. ನಾಣ್ಯ ಎರಡರ ನಕಲನ್ನು ಅವರಿಗೆ ತೋರಿಸಿ, ನಾಣ್ಯ ಆಡಿಸುವವನ ಹಿಂದೆ ಸಮುದ್ರ ಇಷ್ಟು ವಿಚಿತ್ರವಾಗಿ ಏಕೆ ಏಳುತ್ತಿದೆ ಮಾವ ಎಂದು ಕೇಳಿದೆ. ಕನ್ನಡಕ ಏರಿಸಿ ನೋಡಿ, "ಅದು ಸಮುದ್ರ ಅಲ್ಲ ಮಾರಾಯ್ತಿ, ಪರದೆ" ಎಂದರು. ಅವನ ಕಾಲ ಹಿಂದೆ ಹಾದುಹೋಗುವ ನೇರವಾದ ಗೆರೆಯನ್ನು ಉಗುರಿನಿಂದ ತೋರಿಸಿದರು: ಇಲ್ಲಿಗೆ ಅಟ್ಟ ಮುಗಿಯಿತು, ಇಲ್ಲಿಂದ ಬಟ್ಟೆ. ಆಮೇಲೆ ಓದಿದಾಗ ತಿಳಿಯಿತು, ಸ್ಮಿತ್ ಲಂಡನ್ನಿನ ಲೈಸಿಯಂ ನಾಟಕ ಕಂಪನಿಯೊಂದಿಗೆ ತಿರುಗಿದವಳು, ನಟಿ ಎಲೆನ್ ಟೆರಿಯ ಆಪ್ತಳು, ಪುಟ್ಟ ಪುಟ್ಟ ಆಟಿಕೆಯ ರಂಗಮಂದಿರಗಳನ್ನು ಕಟ್ಟಿ ಆಡಿಸಿದವಳು. ಇಂಥ ಗೆರೆಯಿರುವ ಎಲೆಗಳನ್ನು ಬಲ್ಲವರು ರಂಗದ ಎಲೆಗಳೆಂದೇ ಕರೆಯುತ್ತಾರಂತೆ. ಮಾವ ಅದನ್ನು ಓದಿರಲಿಲ್ಲ.

ಎಲ್ಲವೂ ಹಿಡಿಸಿತೆಂದೇನಲ್ಲ. ಕತ್ತಿ ಹತ್ತರಲ್ಲಿ ಬೋರಲು ಬಿದ್ದವನ ಬೆನ್ನಿಗೆ ಹತ್ತೂ ಕತ್ತಿಗಳನ್ನು ನೆಟ್ಟಿರುವುದು ಈಗಲೂ ನನಗೆ ಅತಿಯೆನ್ನಿಸುತ್ತದೆ. ಎಣಿಕೆ ತುಂಬಿಸಲು ಬರೆದಂತಿದೆ. ಕತ್ತಿ ಮೂರರ ಹೃದಯವೂ ಆಕೆಯ ಸ್ವಂತದ್ದಲ್ಲ. ಹದಿನೈದನೆಯ ಶತಮಾನದ ಇಟಲಿಯ ಸೋಲಾ ಬುಸ್ಕಾ ಕಟ್ಟಿನಲ್ಲಿ ಅದು ಹಾಗೆಯೇ ಇದೆ, ಅದರ ಛಾಯಾಚಿತ್ರಗಳು 1907ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂದಿದ್ದವು. ಸಾಲ ತಂದದ್ದನ್ನು ನಾನು ತಪ್ಪೆನ್ನುವುದಿಲ್ಲ, ಆದರೆ ಆ ಎಲೆಯಲ್ಲಿ ನನ್ನ ಕೈಗೆ ಏನೂ ಸಿಗಲಿಲ್ಲ.

ಪ್ರ್ಯಾಟಿನಲ್ಲಿ ಸ್ಮಿತ್‌ಗೆ ಪಾಠ ಹೇಳಿದ ಆರ್ಥರ್ ವೆಸ್ಲಿ ಡೌ ಜಪಾನೀ ಮುದ್ರಣಗಳನ್ನು ಆರಾಧಿಸುತ್ತಿದ್ದವನು. ಮೊದಲು ಗೆರೆ, ನಂತರ ಕಪ್ಪು ಬಿಳುಪಿನ ಹಂಚಿಕೆ, ಕೊನೆಗೆ ಬಣ್ಣ ಎಂಬುದು ಅವನ ಕ್ರಮ. ತಿಳಿಯದೆಯೇ ನಾನೂ ಅದೇ ಕ್ರಮದಲ್ಲಿ ನಡೆದಿದ್ದೆ. ಈಗ 78 ನಕಲುಗಳಿಗೂ ಜಲವರ್ಣ ಹಾಕತೊಡಗಿದ್ದೇನೆ, ಹನ್ನೊಂದು ಮುಗಿದಿವೆ. ಬಟ್ಟಲು ಎಂಟರವನ ಬಟ್ಟೆಗೆ ಇಟ್ಟಿಗೆಯ ಕೆಂಪು ಒಪ್ಪಿತು. ಮರುಳನ ಆಕಾಶಕ್ಕೆ ಮಾತ್ರ ಮೂರು ಬಾರಿ ಬೇರೆ ಬೇರೆ ನೀಲಿಗಳನ್ನು ಚೂರು ಕಾಗದದ ಮೇಲೆ ಹಚ್ಚಿ ನೋಡಿದೆ, ಯಾವುದೂ ಕೂರಲಿಲ್ಲ. ಕಳೆದ ಭಾನುವಾರ ಬಟ್ಟಲಿನಲ್ಲಿ ಹಳದಿ ಕಲಸಿ ಇಟ್ಟಿದ್ದೇನೆ.