ಒನಿಗಿರಿ ಕಟ್ಟುವಾಗ ಮುಷ್ಟಿ ಬಿಗಿಯಬೇಡಿ

ಒನಿಗಿರಿ ಅಂದರೆ ಜಪಾನಿನ ಅನ್ನದ ಉಂಡೆ. ಮೂರು ಮೂಲೆಯ ಬಿಳಿ ಉಂಡೆ, ನಡುವೆ ಒಂದು ಚೂರು ಹೂರಣ, ಹೊರಗೆ ನೋರಿ ಅನ್ನುವ ಕಡಲ ಪಾಚಿಯ ಕಪ್ಪು ಹಾಳೆ. ಇಷ್ಟೇ. ಒಲೆ ಹಚ್ಚುವುದು ಅನ್ನಕ್ಕೆ ಮಾತ್ರ. ಆದರೂ ನಮ್ಮವರು ಕಟ್ಟಿದ ಹತ್ತು ಒನಿಗಿರಿಯಲ್ಲಿ ಏಳೆಂಟು ಕಲ್ಲಿನ ಹಾಗಿರುತ್ತವೆ, ಉಳಿದವು ಕೈಗೆತ್ತಿಕೊಂಡ ಕೂಡಲೇ ಉದುರುತ್ತವೆ.

ನಾನು ಆರು ವರ್ಷ ಟೋಕಿಯೊದ ನಿಶಿಕಸಾಯಿಯಲ್ಲಿದ್ದೆ. ಭಾರತದವರು ತುಂಬ ಜನ ಇರುವ ಜಾಗ ಅದು. ಚೆರ್ರಿ ಹೂ ಬಿಡುವ ಹೊತ್ತಿಗೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಪಾರ್ಕಿಗೆ ಹೋಗುತ್ತಿದ್ದೆವು, ಎಲ್ಲರ ಡಬ್ಬಿಯಲ್ಲೂ ಒನಿಗಿರಿ ಇರುತ್ತಿತ್ತು. ತಪ್ಪು ಎಲ್ಲರದ್ದೂ ಒಂದೇ. ನಮ್ಮ ಕೈಗೆ ರವೆ ಉಂಡೆ, ತಂಬಿಟ್ಟು, ಚಿಗಳಿ ಕಟ್ಟಿ ಅಭ್ಯಾಸ. ಅವಕ್ಕೆಲ್ಲ ಮುಷ್ಟಿ ಬಿಗಿಯಲೇಬೇಕು, ಇಲ್ಲದಿದ್ದರೆ ಉಂಡೆ ನಿಲ್ಲುವುದಿಲ್ಲ. ಅದೇ ಕೈಯಲ್ಲಿ ಅನ್ನ ಹಿಡಿದರೆ ಅಗುಳು ಸತ್ತುಹೋಗುತ್ತದೆ. ಜಪಾನಿ ಭಾಷೆಯಲ್ಲಿ ನಿಗಿರು ಅಂದರೆ ಮುಷ್ಟಿಯಲ್ಲಿ ಹಿಡಿಯುವುದು. ಹೆಸರು ಕೇಳಿದವರು ಹಿಂಡಬೇಕು ಅಂದುಕೊಳ್ಳುತ್ತಾರೆ. ಹಿಡಿಯುವುದೇ ಬೇರೆ, ಹಿಂಡುವುದೇ ಬೇರೆ. ಇದಕ್ಕೆ ಒಮುಸುಬಿ ಅಂತ ಇನ್ನೊಂದು ಹೆಸರೂ ಇದೆ. ಮುಸುಬು ಅಂದರೆ ಕಟ್ಟುವುದು, ಗಂಟು ಹಾಕುವುದು. ನಾವು ಉಂಡೆ ಕಟ್ಟುವುದು ಅನ್ನುತ್ತೇವಲ್ಲ, ಹಾಗೆ.

ಮೊದಲು ಅಕ್ಕಿ

ಬಾಸ್ಮತಿ ಬೇಡವೇ ಬೇಡ. ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್ ಅನ್ನುವ ಅಂಶ ಜಾಸ್ತಿ ಇದ್ದರೆ ಅನ್ನ ಉದುರುದುರಾಗುತ್ತದೆ, ಕಡಿಮೆ ಇದ್ದರೆ ಅಗುಳಿಗೆ ಅಗುಳು ಅಂಟುತ್ತದೆ. ಜಪಾನಿನ ಗಿಡ್ಡ, ದಪ್ಪ ಅಕ್ಕಿಯಲ್ಲಿ ಅದು ಕಡಿಮೆ. ಕೊಶಿಹಿಕಾರಿ ಅನ್ನುವ ತಳಿ ಸಿಕ್ಕರೆ ಕಣ್ಣು ಮುಚ್ಚಿ ತೊಗೊಳ್ಳಿ. 1956ರಲ್ಲಿ ಹೆಸರು ಪಡೆದ ತಳಿ ಅದು, ಇವತ್ತಿಗೂ ಅಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳೆಯುವುದು ಅದನ್ನೇ. ‘ಸುಶಿ ರೈಸ್’ ಅಂತ ಬರೆದ ಪೊಟ್ಟಣವೂ ಆಗುತ್ತದೆ, ಅದೂ ಇದೇ ಜಾತಿಯ ಅಕ್ಕಿ. ‘ಗ್ಲುಟಿನಸ್ ರೈಸ್’ ಅಂತಿದ್ದರೆ ಮಾತ್ರ ಬಿಟ್ಟುಬಿಡಿ. ಅದು ಮೋಚಿ ಎಂಬ ತಿನಿಸು ಮಾಡುವ ಅಕ್ಕಿ, ಬೆಂದರೆ ಅಂಟಂಟಾಗಿ ಹಲ್ಲಿಗೆ ಹಿಡಿಯುತ್ತದೆ.

ಇನ್ನೊಂದು ಮಾತು. ನಮ್ಮಲ್ಲಿ ಅಂಗಡಿಗೆ ಹೋದರೆ ‘ಹಳೇ ಅಕ್ಕಿ ಕೊಡಿ’ ಅಂತ ಕೇಳುತ್ತೇವೆ, ವರ್ಷ ಕಳೆದಷ್ಟೂ ಬೆಲೆ ಜಾಸ್ತಿ. ಜಪಾನಿನಲ್ಲಿ ಪೂರ್ತಿ ತಿರುಗಾಮುರುಗಾ. ಸುಗ್ಗಿ ಮುಗಿದ ಕೂಡಲೇ ಶಿನ್‌ಮಾಯ್, ಅಂದರೆ ಹೊಸ ಅಕ್ಕಿ ಬಂತು ಅಂತ ಅಂಗಡಿ ಮುಂದೆ ಬರೆದು ಹಾಕುತ್ತಾರೆ. ಹೊಸ ಅಕ್ಕಿಯಲ್ಲಿ ತೇವ ಇರುತ್ತದೆ, ಅನ್ನ ಮೆತ್ತಗೆ, ಅಂಟಾಗಿ ಬರುತ್ತದೆ. ಜಪಾನಿ ಅಕ್ಕಿಗೆ ದುಡ್ಡು ಜಾಸ್ತಿಯಾಯಿತು ಅನ್ನುವವರು ಹೊಸ ಸೋನಾ ಮಸೂರಿಯಲ್ಲಿ ಕೈ ಪಳಗಿಸಿಕೊಳ್ಳಬಹುದು. ನೀರು ಸ್ವಲ್ಪ ಜಾಸ್ತಿ ಹಾಕಿ ಮೆತ್ತಗೆ ಮಾಡಿ, ಕಟ್ಟಿದ ಕೂಡಲೇ ತಿನ್ನಿ. ಡಬ್ಬಿಗೆ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಬಿರುಕು ಬಿಡುತ್ತದೆ.

ಅನ್ನ

ಅಕ್ಕಿ 300 ಗ್ರಾಂ. ಆರು ಒನಿಗಿರಿ ಆಗುತ್ತವೆ. ಮೊದಲ ನೀರನ್ನು ಹಾಕಿ ಒಂದು ಸುತ್ತು ಕೈಯಾಡಿಸಿ ತಕ್ಷಣ ಚೆಲ್ಲಿ, ಒಣಗಿದ ಅಕ್ಕಿ ಆ ತೌಡಿನ ವಾಸನೆಯನ್ನೇ ಮೊದಲು ಹೀರಿಕೊಳ್ಳುತ್ತದೆ. ಆಮೇಲೆ ಮೂರು ಸಲ ಹಗುರವಾಗಿ ತೊಳೆಯಿರಿ. ಅರ್ಧ ಗಂಟೆ ನೆನೆಯಲಿ, ಚಳಿಗಾಲದಲ್ಲಿ ಒಂದು ಗಂಟೆ. ನೀರು ಬಸಿದು, ದಪ್ಪ ತಳದ ಪಾತ್ರೆಗೆ ಹಾಕಿ, 400 ಮಿಲಿಲೀಟರ್ ನೀರು ಅಳೆದು ಹಾಕಿ, ಮುಚ್ಚಿ. ಕುದಿ ಬಂದ ಮೇಲೆ ಉರಿ ಪೂರಾ ಸಣ್ಣ ಮಾಡಿ 12 ನಿಮಿಷ. ಆಮೇಲೆ ಒಲೆ ಆರಿಸಿ ಇನ್ನೂ 10 ನಿಮಿಷ ಹಾಗೇ ಬಿಡಿ. ನಡುವೆ ಮುಚ್ಚಳ ತೆಗೆಯಬೇಡಿ. ಸೀಟಿ ಹೊಡೆಸಿದ ಕುಕ್ಕರ್ ಅನ್ನ ಇದಕ್ಕೆ ನನಗೆ ಹಿಡಿಸುವುದಿಲ್ಲ, ಅಗುಳಿನ ಆಕಾರವೇ ಹೋಗಿರುತ್ತದೆ.

ವಿನೆಗರ್ ಹಾಕಬೇಡಿ. ವಿನೆಗರ್, ಸಕ್ಕರೆ ಕಲಸುವುದು ಸುಶಿಗೆ. ಒನಿಗಿರಿಗೆ ಉಪ್ಪು ಮಾತ್ರ.

ಬೆಂದ ಅನ್ನವನ್ನು ಅಗಲ ಸೌಟಿನ ಅಂಚಿನಿಂದ ಕತ್ತರಿಸುವ ಹಾಗೆ ಬಿಡಿಸಿ. ಕಲಸಬೇಡಿ, ತಿರುವಬೇಡಿ.

ಹೂರಣ

ಅಲ್ಲಿಯ ಹಳೇ ಹೂರಣ ಅಂದರೆ ಉಮೆಬೊಶಿ. ಉಮೆ ಅನ್ನುವ ಹುಳಿ ಹಣ್ಣನ್ನು ಉಪ್ಪಲ್ಲಿ ಹಾಕಿ ಬಿಸಿಲಲ್ಲಿ ಒಣಗಿಸಿದ್ದು. ಉಪ್ಪು ಹಾಕಿ ಸುಟ್ಟ ಸಾಲ್ಮನ್ ಮೀನು, ಸೋಯಾ ಸಾಸಿನಲ್ಲಿ ಬತ್ತಿಸಿದ ಕೊಂಬು ಅನ್ನುವ ಪಾಚಿ, ಸೋಯಾ ಸಾಸ್ ಕಲಸಿದ ಒಣ ಬೊನಿಟೊ ಮೀನಿನ ಹೆರೆತ, ಇವೆಲ್ಲ ಮನೆಮನೆಯಲ್ಲೂ ಇರುವವು. ಮೇಯೊನೇಸ್ ಕಲಸಿದ ಟೂನಾ ಮೀನು ಈಚಿನದು, ಸೆವೆನ್ ಇಲೆವೆನ್ ಅಂಗಡಿಗಳಲ್ಲಿ 1983ರಲ್ಲಿ ಮಾರಾಟಕ್ಕೆ ಬಂದು ಎಲ್ಲರ ಬಾಯಿಗೂ ಹತ್ತಿತು.

ಸಸ್ಯಾಹಾರಿಗಳು ಇಲ್ಲಿ ಹುಷಾರಾಗಿರಬೇಕು. ಅನ್ನಕ್ಕೆ ಉದುರಿಸುವ ಫುರಿಕಾಕೆ ಪುಡಿಯಲ್ಲಿ ಎಳ್ಳು, ಪಾಚಿ ಮಾತ್ರ ಕಂಡರೂ ಒಣ ಮೀನಿನ ಪುಡಿ ಇರುವುದೇ ಹೆಚ್ಚು. ಕೆಲವು ಉಮೆಬೊಶಿಗೂ ಬೊನಿಟೊ ಸೇರಿಸಿರುತ್ತಾರೆ. ಪೊಟ್ಟಣದ ಹಿಂದೆ ಓದದೆ ತೊಗೊಳ್ಳಬೇಡಿ. ನಾನು ಊರಲ್ಲಿದ್ದಾಗ ಉಮೆಬೊಶಿ ಬದಲು ಎಣ್ಣೆ ಇಲ್ಲದ ಉಪ್ಪು ನಿಂಬೆಕಾಯಿ ಹಾಕುತ್ತೇನೆ. ಬೀಜ ತೆಗೆದು ನುಣ್ಣಗೆ ಹೆಚ್ಚಿದರೆ ಆ ಹುಳಿ ಉಪ್ಪು ಅನ್ನಕ್ಕೆ ಸರಿಯಾಗಿ ಹೊಂದುತ್ತದೆ. ಎಣ್ಣೆ ಉಪ್ಪಿನಕಾಯಿ ಮಾತ್ರ ಬೇಡ, ಎಣ್ಣೆ ಇಳಿದು ಉಂಡೆ ಒಳಗಿಂದಲೇ ಬಿಚ್ಚಿಕೊಳ್ಳುತ್ತದೆ. ಹೂರಣ ಯಾವುದೇ ಇರಲಿ, ಒಂದು ಉಂಡೆಗೆ ಒಂದು ಟೀ ಚಮಚ. ರಸ ಇರಬಾರದು.

ಕಟ್ಟುವುದು: ಕೆಡುವುದೆಲ್ಲ ಇಲ್ಲೇ

ನನಗೆ ಇದನ್ನು ಕಲಿಸಿದವರು ನಮ್ಮ ಕಟ್ಟಡದ ಕೆಳಮನೆಯ ಅಜ್ಜಿ. ನಾನು ಕಟ್ಟಿದ್ದನ್ನು ಕೈಗೆ ತೊಗೊಂಡು, ಏನೂ ಹೇಳದೆ, ಎರಡು ಹೋಳು ಮಾಡಿ ತಟ್ಟೆಯಲ್ಲಿಟ್ಟರು. ಒಳಗೆ ಅಗುಳೇ ಇಲ್ಲ, ಮುದ್ದೆ. ಆಮೇಲೆ ತಾವು ಕಟ್ಟಿದ್ದನ್ನು ಅದರ ಪಕ್ಕದಲ್ಲೇ ಬಿಡಿಸಿಟ್ಟರು. ಹೊರಗೆ ತೆಳ್ಳಗೆ ಒಂದು ಪದರ ಮಾತ್ರ ಒಂದಕ್ಕೊಂದು ಹಿಡಿದುಕೊಂಡಿತ್ತು, ಒಳಗೆ ಒಂದೊಂದು ಅಗುಳೂ ನಿಂತಿತ್ತು, ನಡುವಿನ ಸಂದಿಯಿಂದ ಇನ್ನೂ ಹಬೆ ಬರುತ್ತಿತ್ತು. ಅದನ್ನು ನೋಡಿದ ಮೇಲೆ ನನಗೆ ಬೇರೆ ಪಾಠ ಬೇಕಾಗಲಿಲ್ಲ.

ಅನ್ನ ಬಿಸಿ ಇರಬೇಕು. ಆರಿದ ಅನ್ನ ಅಂಟುವುದಿಲ್ಲ, ಅಂಟುವುದಿಲ್ಲ ಅಂತ ನೀವು ಜೋರಾಗಿ ಒತ್ತುತ್ತೀರಿ, ಒತ್ತಿದಷ್ಟೂ ಅದು ಕಲ್ಲಾಗುತ್ತದೆ. ಆದರೆ ಒಲೆಯಿಂದ ಇಳಿಸಿದ್ದನ್ನು ಹಾಗೇ ಹಿಡಿದರೆ ಕೈ ಸುಡುತ್ತದೆ. ಅದಕ್ಕೆ ಒಂದು ಉಪಾಯ ಇದೆ. ಸುಮಾರು 110 ಗ್ರಾಂ ಅನ್ನವನ್ನು, ಅಂದರೆ ಒಂದು ಉಂಡೆಗೆ ಬೇಕಾದಷ್ಟನ್ನು, ಸಣ್ಣ ಬಟ್ಟಲಿಗೆ ಹಾಕಿ ಒಂದೆರಡು ನಿಮಿಷ ಬಿಡಿ. ಮೇಲಿನ ಹಬೆ ಹೋಗುತ್ತದೆ, ಒಳಗಿನ ಬಿಸಿ ಉಳಿಯುತ್ತದೆ. ಅಂಗೈ ಚುರುಗುಟ್ಟಬೇಕು, ಆದರೆ ತಡೆದುಕೊಳ್ಳುವ ಹಾಗಿರಬೇಕು. ಅದೇ ಹದ. ಮುದ್ದೆ ಕಟ್ಟಿ ಗೊತ್ತಿರುವವರಿಗೆ ಈ ಬಿಸಿ ಹೊಸದಲ್ಲ.

ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು, ಒಂದು ತಟ್ಟೆಯಲ್ಲಿ ಪುಡಿಯುಪ್ಪು ಇರಲಿ. ಕೈ ಅದ್ದಿ, ಚೆನ್ನಾಗಿ ಕೊಡವಿ. ನೀರು ತೊಟ್ಟಿಕ್ಕುತ್ತಿದ್ದರೆ ಅನ್ನದ ಮೈ ನೆಂದು ಪಾಚಿ ಹಾಳೆ ಮೆತ್ತಗಾಗುತ್ತದೆ, ಕೈ ಪೂರ್ತಿ ಒಣಗಿದ್ದರೆ ಅಗುಳೆಲ್ಲ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಎರಡು ಬೆರಳ ತುದಿಯಲ್ಲಿ ಉಪ್ಪು ತೊಗೊಂಡು ಎರಡೂ ಅಂಗೈಗೆ ಸವರಿ. ಉಪ್ಪು ಹೊರಗೇ ಇರುವುದರಿಂದ ನಾಲಿಗೆಗೆ ಮೊದಲು ಅದೇ ತಗಲುತ್ತದೆ, ಅದಕ್ಕೇ ಅನ್ನಕ್ಕೆ ಕಲಸಿದ್ದಕ್ಕಿಂತ ಕೈಗೆ ಸವರಿದ ಉಪ್ಪು ರುಚಿ.

ಅನ್ನವನ್ನು ಎಡ ಅಂಗೈಗೆ ಹಾಕಿ. ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಮಾಡಿ, ಹೂರಣ ಇಟ್ಟು, ಸುತ್ತಲ ಅನ್ನವನ್ನು ಮೇಲಕ್ಕೆ ತಂದು ಮುಚ್ಚಿ. ಈಗ ಎಡಗೈ ಚಪ್ಪಟೆ ಇರಲಿ, ಅದು ನೆಲ. ಬಲಗೈ ಬೆರಳುಗಳನ್ನು ಗೆಣ್ಣಿನ ಹತ್ತಿರ ಮಡಿಸಿ ಮನೆಯ ಸೂರಿನ ಹಾಗೆ ಮಾಡಿ ಮೇಲಿಡಿ. ಸೂರಿನ ಮೂಲೆಯೇ ಉಂಡೆಯ ಮೂಲೆ. ಒಮ್ಮೆ ಹಿಡಿದು ಬಿಡಿ. ಉಂಡೆಯನ್ನು ನಿಮ್ಮ ಕಡೆಗೆ ಉರುಳಿಸಿ, ಇನ್ನೊಂದು ಮೂಲೆ ಮೇಲೆ ಬರಲಿ. ಮತ್ತೆ ಹಿಡಿದು ಬಿಡಿ. ಮತ್ತೆ ಉರುಳಿಸಿ. ಮೊದಲ ಮೂರು ಹಿಡಿತ ಅನ್ನವನ್ನು ಒಟ್ಟು ಸೇರಿಸುವುದಕ್ಕೆ, ಆಮೇಲಿನ ಮೂರು ಮೂಲೆ ತೀಡುವುದಕ್ಕೆ. ಆರಕ್ಕೆ ನಿಲ್ಲಿಸಿ. ಏಳನೆಯದು ಬೇಕು ಅನ್ನಿಸುತ್ತದೆ, ಮೂಲೆ ಇನ್ನೂ ಚೂಪಾಗಲಿ ಅನ್ನಿಸುತ್ತದೆ. ಬೇಡ. ಉಂಡೆ ಹಾಳಾಗುವುದು ಆ ಏಳನೆಯದರಲ್ಲೇ.

ಎಷ್ಟು ಜೋರು ಅಂತ ಕೇಳಿದರೆ, ಅಂಗೈಯಲ್ಲಿ ಮರಿಹಕ್ಕಿ ಹಿಡಿದರೆ ಎಷ್ಟು ಜೋರಾಗಿ ಹಿಡಿಯುತ್ತೀರೋ ಅಷ್ಟು. ಕೈಯಲ್ಲಿ ನಿಲ್ಲಬೇಕು, ಕಚ್ಚಿದ ಕೂಡಲೇ ಬಾಯಲ್ಲಿ ಬಿಚ್ಚಿಕೊಳ್ಳಬೇಕು. ಮೊದಲ ಸಲ ಕಟ್ಟುವಾಗ ಒಂದನ್ನು ಲೆಕ್ಕಕ್ಕೆ ಹಿಡಿಯದೆ, ಬಿಡಿಸಿಯೇ ನೋಡಿ. ಒಳಗೆ ಅಗುಳು ಎಣಿಸುವ ಹಾಗಿದ್ದರೆ ಗೆದ್ದಿರಿ.

ಅಂಗಡಿಯಲ್ಲಿ ಪ್ಲಾಸ್ಟಿಕ್ ಅಚ್ಚು ಸಿಗುತ್ತದೆ. ಮಕ್ಕಳಿಗೆ ಖುಷಿ, ಇರಲಿ. ಆದರೆ ಅಚ್ಚಿನಲ್ಲಿ ಎಲ್ಲರೂ ಅನ್ನ ತುರುಕಿ ಮುಚ್ಚಳ ಒತ್ತುತ್ತಾರೆ, ಇಟ್ಟಿಗೆ ಬರುತ್ತದೆ. ಅದಕ್ಕಿಂತ ಕ್ಲಿಂಗ್ ಫಿಲ್ಮ್ ವಾಸಿ. ಫಿಲ್ಮಿನ ಮೇಲೆ ಉಪ್ಪು ಉದುರಿಸಿ, ಅನ್ನ, ಹೂರಣ ಇಟ್ಟು, ಫಿಲ್ಮಿನ ಸಮೇತ ಕಟ್ಟಿ. ಕೈ ಸುಡುವುದೂ ಕಮ್ಮಿ, ಅನ್ನಕ್ಕೆ ಕೈಯೂ ತಾಕುವುದಿಲ್ಲ. ಡಬ್ಬಿಗೆ ಒಯ್ಯುವುದಾದರೆ ಇದೊಂದೇ ದಾರಿ ಅಂತ ಇಟ್ಟುಕೊಳ್ಳಿ. ಕೈಯಲ್ಲಿ, ಅದರಲ್ಲೂ ಗಾಯ ಇರುವ ಕೈಯಲ್ಲಿ, ಹೊಟ್ಟೆ ಕೆಡಿಸುವ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಇರುತ್ತದೆ. ಬೆಚ್ಚಗಿನ ಅನ್ನ ಅದಕ್ಕೆ ಬೇಕಾದ ಜಾಗ.

ಆಕಾರ ಮೂರು ಮೂಲೆಯೇ ಆಗಬೇಕು ಅಂತೇನಿಲ್ಲ. ಒಸಾಕಾ, ಕ್ಯೋಟೊ ಕಡೆ ಭತ್ತದ ಮೂಟೆಯ ಹಾಗೆ ಉದ್ದುದ್ದ ಕಟ್ಟುವ ರೂಢಿ ಇದೆ. ಆದರೆ ಮೂರು ಮೂಲೆ ಹಳೆಯದು. 1987ರಲ್ಲಿ ಇಶಿಕಾವಾ ಪ್ರಾಂತದಲ್ಲಿ ನೆಲ ಅಗೆಯುವಾಗ ಸುಮಾರು 2000 ವರ್ಷ ಹಳೆಯ, ಕರಿಕಾದ ಅನ್ನದ ಗಟ್ಟಿಯೊಂದು ಸಿಕ್ಕಿತು. ಅದೂ ಮೂರು ಮೂಲೆಯದೇ.

ನೋರಿ

ಹಾಳೆಯನ್ನು ಉದ್ದಕ್ಕೆ ಮೂರು ಪಟ್ಟಿ ಮಾಡಿ, ಮಿಂಚುವ ಮೈ ಹೊರಗೆ ಬರುವ ಹಾಗೆ ಸುತ್ತಿ. ಮಳೆಗಾಲದಲ್ಲಿ ಹಾಳೆ ಮೆತ್ತಗಾಗಿದ್ದರೆ ಸಣ್ಣ ಉರಿಯ ಮೇಲೆ ಎರಡು ಸಲ ಆಡಿಸಿ, ಮತ್ತೆ ಗರಿಗರಿ ಆಗುತ್ತದೆ. ಎಣ್ಣೆ ಸವರಿದ ಕೊರಿಯಾದ ಪಾಚಿ ಹಾಳೆ ಸುಮ್ನೆ ತಿನ್ನಲು ಚೆನ್ನ, ಸುತ್ತಲು ಹರಿಯುತ್ತದೆ. ತಿನ್ನುವಾಗಲೇ ಸುತ್ತಿಕೊಳ್ಳಿ, ಪಟ್ಟಿಯನ್ನು ಬೇರೆ ಕಟ್ಟಿಕೊಂಡು ಹೋಗಿ. 1978ರಿಂದ ಸೆವೆನ್ ಇಲೆವೆನ್ ಮಾಡಿದ್ದೂ ಇದನ್ನೇ. ಅನ್ನ ಮತ್ತು ಪಾಚಿಯ ನಡುವೆ ಒಂದು ಪ್ಲಾಸ್ಟಿಕ್ ಪದರ. ಜಪಾನಿಗೆ ಹೋದರೆ ಆ ಪೊಟ್ಟಣದ ಮೇಲೆ 1, 2, 3 ಅಂತ ಬರೆದಿರುತ್ತದೆ. ಒಂದರ ಪಟ್ಟಿಯನ್ನು ಕೆಳಗೆಳೆದು ಹಿಂದಿನವರೆಗೂ ಸುತ್ತಿ ಹರಿಯಿರಿ, ಆಮೇಲೆ ಎರಡು, ಮೂರರ ಮೂಲೆಗಳನ್ನು ಅಕ್ಕಪಕ್ಕಕ್ಕೆ ಎಳೆಯಿರಿ. ಅಂಕಿ ನೋಡದೆ ಎಳೆದರೆ ಪಾಚಿಯೆಲ್ಲ ಪ್ಲಾಸ್ಟಿಕ್ಕಿನ ಜೊತೆಗೇ ಹೋಗುತ್ತದೆ.

ಡಬ್ಬಿ

ಪೂರ್ತಿ ಆರಿದ ಮೇಲೆ ಮುಚ್ಚಳ ಹಾಕಿ. ಫ್ರಿಜ್ಜಿನಲ್ಲಿ ಇಡಬೇಡಿ, ಆ ತಣ್ಣಗೆ ಪಿಷ್ಟ ಗಟ್ಟಿಯಾಗಿ ಅಗುಳು ಒರಟಾಗುತ್ತದೆ. ಬೆಳಿಗ್ಗೆ ಕಟ್ಟಿದ್ದು ಮಧ್ಯಾಹ್ನಕ್ಕೆ ಮುಗಿಯಬೇಕು. ಉಮೆಬೊಶಿ ಇದ್ದರೆ ಕೆಡುವುದಿಲ್ಲ ಅಂತ ಹೇಳುತ್ತಾರೆ, ಅದು ತಾಗಿದ ಜಾಗಕ್ಕೆ ಮಾತ್ರ ಅಷ್ಟೋ ಇಷ್ಟೋ ಕಾವಲು, ಇಡೀ ಉಂಡೆಗಲ್ಲ. ಮೇಯೊನೇಸ್ ಇರುವುದನ್ನು ಬೇಸಿಗೆಯಲ್ಲಿ ಐಸ್ ಪ್ಯಾಕ್ ಇಲ್ಲದೆ ಮಗುವಿನ ಡಬ್ಬಿಗೆ ಹಾಕಲೇಬೇಡಿ.

ಕೈ ಇನ್ನೂ ಪಳಗಿಲ್ಲ ಅನ್ನುವವರು ಕೊರಿಯಾದ ಜುಮೊಕ್‌ಬಪ್‌ನಿಂದ ಶುರು ಮಾಡಿ. ಜುಮೊಕ್ ಅಂದರೆ ಮುಷ್ಟಿ, ಬಪ್ ಅಂದರೆ ಅನ್ನ. ಬಿಸಿ ಅನ್ನಕ್ಕೆ ಉಪ್ಪು, ಪುಡಿ ಮಾಡಿದ ಪಾಚಿ, ಎಳ್ಳು, ಎಳ್ಳೆಣ್ಣೆ ಕಲಸಿ ದುಂಡಗೆ ಹಿಡಿದರೆ ಆಯಿತು. ಎಳ್ಳೆಣ್ಣೆ ಹುರಿದ ಎಳ್ಳಿನದೇ ಆಗಬೇಕು. ನಮ್ಮ ಗಾಣದ ಎಳ್ಳೆಣ್ಣೆ ಹಾಕಿ ‘ರುಚಿಯೇ ಇಲ್ಲ’ ಅಂದವರನ್ನು ನೋಡಿದ್ದೇನೆ, ಅದು ಬೇರೆಯೇ ಎಣ್ಣೆ.

ಉಳಿದರೆ

ಉಳಿದ ಒನಿಗಿರಿಯನ್ನು ಸುಟ್ಟು ತಿನ್ನುವುದು ನನಗೆ ಹೊಸದಕ್ಕಿಂತ ಇಷ್ಟ. ಯಾಕಿ ಒನಿಗಿರಿ ಅನ್ನುತ್ತಾರೆ. ಕಾದ ಕಾವಲಿಗೆ ಒಂದು ಹನಿ ಎಣ್ಣೆ ಒರೆಸಿ, ಉಂಡೆ ಇಟ್ಟು, ಸಣ್ಣ ಉರಿಯಲ್ಲಿ ಆರೇಳು ನಿಮಿಷ ಮುಟ್ಟಬೇಡಿ. ತಾನಾಗಿ ತಳ ಬಿಟ್ಟ ಮೇಲೆ ಮಗುಚಿ. ಎರಡೂ ಕಡೆ ಗಟ್ಟಿ ಹೊರಪದರ ಬಂದ ಮೇಲೆಯೇ ಸೋಯಾ ಸಾಸ್ ಸವರಬೇಕು. ಮೊದಲೇ ಸವರಿದರೆ ಅನ್ನ ನೆಂದು ಒಡೆಯುತ್ತದೆ, ಸಾಸ್ ಸೀದು ಕಹಿಯಾಗುತ್ತದೆ. ಬಣ್ಣ, ಸಕ್ಕರೆ ಸೇರಿಸಿದ ಅಗ್ಗದ ಕಪ್ಪು ಸಾಸ್ ಇದಕ್ಕೆ ಬೇಡ. ಸೋಯಾ, ಗೋಧಿ, ಉಪ್ಪು, ನೀರು ಇಷ್ಟೇ ಬರೆದಿರುವ, ಹುದುಗು ಬರಿಸಿದ ಸಾಸ್ ತೊಗೊಳ್ಳಿ.

ರಾತ್ರಿ ಏನೂ ಬೇಡ ಅನ್ನಿಸಿದ ದಿನ ಆ ಸುಟ್ಟ ಉಂಡೆಯನ್ನು ಬಟ್ಟಲಲ್ಲಿಟ್ಟು, ಬಿಸಿ ಗ್ರೀನ್ ಟೀ ಸುರಿದು, ಮೇಲೆ ಒಂದು ಚೂರು ಉಮೆಬೊಶಿ ಇಡಿ. ಅಡುಗೆಮನೆಯೆಲ್ಲ ಸೀಕಲು ಅನ್ನದ ಘಮ. ಹೊರಪದರ ನೆನೆಯುವ ಮೊದಲೇ ಚಮಚದಲ್ಲಿ ಒಡೆದು ತಿನ್ನಿ.